ಪಾದ್ರಿಗಳು ನಮ್ಮ ಮನೆಯಲ್ಲಿ ಉಂಡರೇ?

ಕಳೆದ ಸಂಚಿಕೆಯಲ್ಲಿ ಬಾಸೆಲ್ ಮಿಷನ್ನಿನ, ಅಂದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಿಂದ ಬಂದ ಕ್ರೈಸ್ತ ಪಾದ್ರಿಗಳ ಸಂಸ್ಥೆಯ, ಹಂಚಿನ ಕಾರ್ಖಾನೆಗಳ ಬಗ್ಗೆ ಬರೆದಿದ್ದೆವು. ಅದನ್ನು ಓದಿ ಕುಂದಾಪುರ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಅವರ ಮಾತು ಹೀಗಿದೆ: "ಶಾಲೆ ಕೊಟ್ಟರು, ಅಚ್ಚುಕೂಟ ಕೊಟ್ಟರು, ಹಂಚು ಕೊಟ್ಟರು ಅಂತ ಬರೆದಿದ್ದೀರಿ. ನಮ್ಮವರ ಮನೆಯಲ್ಲಿ ಒಂದು ತುತ್ತು ಉಂಡದ್ದುಂಟೇ? ಪಾದ್ರಿ ಬಂದರೆ ಜಗಲಿಯಲ್ಲೇ ಕೂರಿಸಿ ಬೆಲ್ಲ, ನೀರು ಕೊಡುತ್ತಿದ್ದರು, ಹೋದಮೇಲೆ ಆ ಜಾಗಕ್ಕೆ ಸೆಗಣಿ ಸಾರಿಸುತ್ತಿದ್ದರು ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಇದು ಸತ್ಕಾರವೋ, ಅವಮಾನವೋ? ಇನ್ನು ಅವರು ನಮ್ಮವರಿಗೆ ಹಾಕಿದ ಊಟ ಆಮಿಷ ಅಲ್ವಾ?"

ಮೇಷ್ಟ್ರೇ, ನಿಮ್ಮ ಅಜ್ಜಿಯ ಮನೆಯವರು ಮಾಡಿದ್ದು ಎರಡೂ ಹೌದು. ಬೆಲ್ಲ, ನೀರು, ಎಳನೀರು, ಬಾಳೆಹಣ್ಣು, ಇವು ಒಲೆಯ ಮೇಲೆ ಬೆಂದದ್ದಲ್ಲ. ಯಾರಿಗೆ ಬೇಕಾದರೂ ಕೊಡಬಹುದು, ಮನೆಯ ಮಡಿಗೆ ಏನೂ ಆಗದು. ಅನ್ನ ಹಾಗಲ್ಲ. ಅನ್ನ ಯಾರ ಕೈಯಲ್ಲಿ ಬೆಂದಿತು, ಯಾರ ಪಕ್ಕ ಕೂತು ಉಂಡೆವು ಎಂಬುದರ ಮೇಲೆ ಜಾತಿಯೇ ನಿಂತಿತ್ತು. ಹಾಗಾಗಿ ಜಗಲಿಯಲ್ಲಿ ಬೆಲ್ಲ ಕೊಟ್ಟ ಮನೆ ತನ್ನ ಕೈಲಾದಷ್ಟು ಕೊಟ್ಟಿತ್ತು. ಸೆಗಣಿ ಸಾರಿಸಿದ್ದನ್ನು ಮಾತ್ರ ನಾನು ಸಮರ್ಥಿಸುವುದಿಲ್ಲ. ಅದೇ ಸೆಗಣಿ ನಮ್ಮೂರಿನವರೇ ಎಷ್ಟೋ ಜನ ಬಂದು ಹೋದಮೇಲೂ ಬೀಳುತ್ತಿತ್ತು ಅನ್ನುವುದು ನಿಮಗೂ ಗೊತ್ತು.

ಈಗ ಆ ಕಡೆಯಿಂದ ನೋಡಿ. ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಬಾಸೆಲ್ ಪಾದ್ರಿಗಳು 1834ರಲ್ಲಿ ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಇಂಗ್ಲಿಷರಲ್ಲದ ಮಿಷನರಿಗಳಿಗೆ ಈಸ್ಟ್ ಇಂಡಿಯಾ ಕಂಪೆನಿ ಸೀಮೆಯ ಬಾಗಿಲು ತೆರೆದು ಆಗ ಒಂದೇ ವರ್ಷ ಆಗಿತ್ತು. ಅವರ ಲೆಕ್ಕದಲ್ಲಿ, ಮನೆಗೆ ಬಂದವನನ್ನು ಮೇಜಿನ ಹತ್ತಿರ ಕರೆದು ರೊಟ್ಟಿ ಮುರಿದು ಕೊಡುವುದೇ ಸ್ನೇಹ. ಅದರಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ಇಲ್ಲಿ ಮೇಲ್ಜಾತಿಯ ಒಬ್ಬ ಹುಡುಗ ಆ ರೊಟ್ಟಿ ತಿಂದರೆ ಅಪ್ಪ, ಅಮ್ಮ, ಹೆಂಡತಿ, ಪಾಲು, ಎಲ್ಲ ಹೋಯಿತು. ಆದ್ದರಿಂದ ಬರೀ ಉಪಚಾರಕ್ಕೆ 'ಬನ್ನಿ, ಊಟ ಮಾಡಿ' ಅನ್ನುವ ಹಾಗಿರಲಿಲ್ಲ. ಕನ್ನಡ ವ್ಯಾಕರಣ ಕಲಿಯುವುದಕ್ಕಿಂತ ಇದನ್ನು ಕಲಿಯುವುದು ಅವರಿಗೆ ಕಷ್ಟವಾಗಿದ್ದಿರಬೇಕು: ಯಾವಾಗ ಕರೆಯಬಾರದು ಅನ್ನುವುದನ್ನು.

1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಮತ್ತು ಇನ್ನಿಬ್ಬರು ಸಾರಸ್ವತ ಯುವಕರು ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಊರಿಗೆ ಊರೇ ಎದ್ದು ನಿಂತಿತು. ಕೌಂಡಿನ್ಯರ ಹೆಂಡತಿಯನ್ನು ಮನೆಯವರು ವರ್ಷಗಟ್ಟಲೆ ಅವರ ಬಳಿಗೆ ಕಳಿಸಲಿಲ್ಲ. ಇಷ್ಟೆಲ್ಲ ಕಳೆದುಕೊಂಡು ಬಂದವನು ಒಂದು ಹೊತ್ತಿನ ಅತಿಥಿ ಅಲ್ಲವಲ್ಲ. ಅವನಿಗೆ ಇನ್ನು ಮಿಷನ್ನಿನ ಮನೆಯೇ ಮನೆ.

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರು ಹೆರ್ಮನ್ ಮೊಗ್ಲಿಂಗ್ ಎಂಬ ಬಾಸೆಲ್ ಪಾದ್ರಿ ಎಂದು ನನಗನಿಸುತ್ತದೆ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರಡಿಸಿದವರು ಮೊಗ್ಲಿಂಗರೇ. ನಮ್ಮಂಥ ಸಂಪಾದಕರಿಗೆಲ್ಲ ಹಿರಿಯರು, ಹಾಗಾಗಿ ಸ್ವಲ್ಪ ಪಕ್ಷಪಾತ ಇದ್ದರೆ ಮನ್ನಿಸಿ. ಮಂಗಳೂರಿನ ಹುಡುಗರ ವಸತಿಶಾಲೆಯಲ್ಲಿ ಅವರು ಹುಡುಗರ ಜೊತೆಯಲ್ಲೇ ಇದ್ದು, ಅವರ ಹಾಗೆಯೇ ಉಂಡು ಬದುಕಲು ನೋಡಿದರು. ಹಾಗಂತ ನಮ್ಮ ಧರ್ಮದ ಬಗ್ಗೆ ಅವರು ಮೆತ್ತಗೆ ಬರೆದವರಲ್ಲ, ಖಾರವಾಗಿಯೇ ಬರೆದರು. ಅದೇ ಮನುಷ್ಯ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು 'ಬಿಬ್ಲಿಯೊಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಅಚ್ಚು ಹಾಕಿಸಿದರು. ಮೊದಲ ಸಂಪುಟ ಬಂದದ್ದು 1848ರಲ್ಲಿ. ಈ ಓಲೆಗರಿ, ಕೈಬರಹಗಳೆಲ್ಲ ನಮ್ಮ ಊರುಗಳಲ್ಲಿ ಇದ್ದವು. ನಮ್ಮ ಜನ ಕೊಟ್ಟರು, ಓದಿ ಅರ್ಥ ಹೇಳಿದರು. ಪರಜಾತಿಯವನಿಗೆ ಅನ್ನ ಬಡಿಸಲಾರದ ಮನೆಗಳು ಪುಸ್ತಕ ಕೊಟ್ಟವು! "ಒಂದು ತುತ್ತು ಉಂಡದ್ದುಂಟೇ" ಎಂದು ಕೇಳಿದಿರಿ. ನಮ್ಮಿಂದ ಅವರು ತೆಗೆದುಕೊಂಡದ್ದರಲ್ಲಿ ದೊಡ್ಡದು ಇದು.

ಅಡುಗೆಮನೆಯ ದಾರಿ ಹಿಡಿದವರೂ ಇದ್ದರು, ಆದರೆ ಇವರಿಗಿಂತ ಬಹಳ ಮುಂಚೆ. ಇಟಲಿಯ ರಾಬರ್ಟೊ ಡಿ ನೊಬಿಲಿ ಎಂಬ, ಜೆಸ್ವಿಟ್ ಅನ್ನುವ ಕ್ಯಾಥೊಲಿಕ್ ಸಂಘದ ಪಾದ್ರಿ 1606ರಲ್ಲಿ ಮದುರೆಗೆ ಬಂದರು. ಅಲ್ಲಿ ಪೋರ್ಚುಗೀಸರನ್ನು 'ಪರಂಗಿ' ಎಂದು ಕರೆದು ಜನ ದೂರ ಇಡುತ್ತಿದ್ದರು. ದನ ತಿನ್ನುವವರು, ಹೆಂಡ ಕುಡಿಯುವವರು ಅಂತ. ನೊಬಿಲಿ ಮಾಂಸ ಬಿಟ್ಟರು, ಕಾವಿ ಉಟ್ಟರು, ಬ್ರಾಹ್ಮಣ ಅಡುಗೆಯವರನ್ನು ಇಟ್ಟುಕೊಂಡರು. ತಮಿಳು, ಸಂಸ್ಕೃತ ಕಲಿತರು. ಅದೇ ಊರಿನಲ್ಲಿದ್ದ ತಮ್ಮದೇ ಸಂಘದ ಹಿರಿಯ ಪಾದ್ರಿಯಿಂದ ಬೇರೆ ಮನೆ ಮಾಡಿದರು. ದೂರು ರೋಮಿನವರೆಗೂ ಹೋಗಿ, 1623ರಲ್ಲಿ ಪೋಪರೇ ಒಪ್ಪಿಗೆ ಕೊಡಬೇಕಾಯಿತು. ನಮ್ಮ ಶ್ರೀರಂಗಪಟ್ಟಣಕ್ಕೆ 1649ರಲ್ಲಿ ಬಂದ ಲಿಯೊನಾರ್ಡೊ ಚಿನ್ನಾಮಿ ಕೂಡ ಸನ್ಯಾಸಿ ವೇಷದಲ್ಲೇ ಬಂದರು. ಬುದ್ಧಿವಂತಿಕೆ, ಒಪ್ಪೋಣ. ಆದರೆ ದೊಡ್ಡವರ ಮನೆಯ ಜಗಲಿ ಹತ್ತಲು ನೊಬಿಲಿ ಕೆಳಜಾತಿಯ ಕ್ರೈಸ್ತರಿಂದ ದೂರ ನಿಲ್ಲಬೇಕಾಯಿತು. ಅಂಥವರಿಗಾಗಿ ಆಮೇಲೆ 'ಪಂಡಾರಸ್ವಾಮಿ' ಎಂಬ ಬೇರೆ ಪಾದ್ರಿಗಳೇ ಬಂದರು. ಬಾಸೆಲ್‌ನವರು ಈ ರಾಜಿಗೆ ಒಪ್ಪಲಿಲ್ಲ. ಸಭೆಯ, ಅಂದರೆ ಚರ್ಚಿನ ಸಮುದಾಯದ, ಒಳಗೆ ಜಾತಿ ಬೇಡವೇ ಬೇಡ ಎಂದರು. ಇಬ್ಬರಲ್ಲಿ ನನಗೆ ಬಾಸೆಲ್‌ನವರ ಹಟವೇ ಮೆಚ್ಚು, ಅದರಿಂದ ಅವರಿಗೆ ಎಷ್ಟೋ ಬಾಗಿಲು ಮುಚ್ಚಿದರೂ.

ಬಾಸೆಲ್ ಪಾದ್ರಿಗಳ ಹೆಂಡಂದಿರ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಬಾಸೆಲ್‌ನಲ್ಲಿದ್ದ ಮಿಷನ್ನಿನ ಆಡಳಿತ ಕಮಿಟಿಯ ಅಪ್ಪಣೆ ಇಲ್ಲದೆ ಮಿಷನರಿ ಮದುವೆಯಾಗುವ ಹಾಗಿರಲಿಲ್ಲ. ಎಷ್ಟೋ ಸಲ ಹುಡುಗಿಯನ್ನು ಅಲ್ಲೇ ನೋಡಿ ಹಡಗು ಹತ್ತಿಸುತ್ತಿದ್ದರು. ಗಂಡನ ಮುಖ ಸರಿಯಾಗಿ ನೋಡಿರದ ಹುಡುಗಿ ಇಲ್ಲಿ ಇಳಿದು, ತಿಳಿಯದ ಭಾಷೆಯ ಆಳುಗಳನ್ನೂ ವಸತಿಶಾಲೆಯ ಮಕ್ಕಳನ್ನೂ ಸಂಭಾಳಿಸಬೇಕು. ಊರವರ ಮಕ್ಕಳಿಗೆ ಬಡಿಸುತ್ತಿದ್ದವರೇ ತಮ್ಮ ಮಕ್ಕಳನ್ನು ಶಾಲೆಯ ವಯಸ್ಸಿಗೆ ಯುರೋಪಿಗೆ ಕಳಿಸಿ ಕೂರುತ್ತಿದ್ದರು. ಮಿಷನ್ನಿನ ಚರಿತ್ರೆ ಹೇಳುವಾಗ ಈ ಹೆಂಗಸರು ಒಂದು ಸಾಲಿನಲ್ಲಿ ಮುಗಿದುಹೋಗುತ್ತಾರೆ. ಬೇಜಾರಿನ ಸಂಗತಿ.

ಇದರ ತಿರುಗುಮುರುಗೂ ಆಯಿತು. ಕೌಂಡಿನ್ಯ 1846ರಲ್ಲಿ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದರು. ಮೊದಲ ಹೆಂಡತಿ ತೀರಿಕೊಂಡಮೇಲೆ ವುರ್ಟೆಂಬರ್ಗಿನ ಮರೀ ರೈನ್‌ಹಾರ್ಟ್ ಎಂಬ ಹುಡುಗಿ 1860ರಲ್ಲಿ ಅವರ ಕೈ ಹಿಡಿದರು. ಕೊಡಗಿನ ಆನಂದಪುರದಲ್ಲಿ, ಹೊಲೆಯರಿಂದ ಕ್ರೈಸ್ತರಾದವರ ನಡುವೆ ಅವರ ಸಂಸಾರ. ಸಾರಸ್ವತರ ಮಗ, ಜರ್ಮನಿಯ ಸೊಸೆ, ಊರಿನ ತುಂಬ ಹೊಲದ ಕೂಲಿಯವರು! ಅಲ್ಲಿ ಯಾರು ಅತಿಥಿ, ಯಾರು ಮನೆಯವರು ಅಂತ ಹೇಳುವುದು ಸುಲಭ ಅಲ್ಲ.

ಇನ್ನು ಆಮಿಷದ ಮಾತು. ಜಾತಿ ಬಿಟ್ಟವನಿಗೆ ಕಸುಬೂ ಹೋಗುತ್ತಿತ್ತು, ಇರಲು ಸೂರೂ ಹೋಗುತ್ತಿತ್ತು. ನೇಯ್ಗೆಯ ಮಗ್ಗ, ಅಚ್ಚುಕೂಟ, 1865ರಲ್ಲಿ ಮಂಗಳೂರಿನ ಹಂಚಿನ ಕಾರ್ಖಾನೆ, ಇವೆಲ್ಲ ಬೆಳೆದ ಹಿಂದೆ ಈ ಚಿಂತೆ ಇತ್ತು. ಹೊಟ್ಟೆಪಾಡಿಗಾಗಿ ಬಂದವರೂ ಇದ್ದರು ಅನ್ನುವುದನ್ನು ಆ ಮಿಷನರಿಗಳೇ ಮುಚ್ಚಿಡಲಿಲ್ಲ. ಆದರೆ ಆಮಿಷ ಅಂದರೆ ಮೊದಲು ಊಟ ತೋರಿಸಿ ಆಮೇಲೆ ಕರೆಯುವುದು. ಕೌಂಡಿನ್ಯರಂಥವರ ವಿಷಯದಲ್ಲಿ ಆದದ್ದು ಉಲ್ಟಾ. ನಾವು ಹೊರಗೆ ಹಾಕಿದೆವು, ಅವರು ಒಳಗೆ ಕರೆದರು. ನನ್ನ ತಕರಾರು ಬೇರೆ ಕಡೆ ಇದೆ. ಮಿಷನ್ನಿನ ಮನೆ, ಮಿಷನ್ನಿನ ಶಾಲೆ, ಮಿಷನ್ನಿನ ಕಾರ್ಖಾನೆ, ಸಂಬಳವೂ ಅಲ್ಲಿಂದಲೇ. ಬಂದವರು ತಲೆಮಾರುಗಟ್ಟಲೆ ಆ ಮನೆಯ ಅತಿಥಿಗಳಾಗಿಯೇ ಉಳಿದರು. ಯಜಮಾನಿಕೆ ಕೈಗೆ ಬರಲಿಲ್ಲ. 1914ರಲ್ಲಿ ಯುದ್ಧ ಬಂತು. ಸರ್ಕಾರ ಜರ್ಮನ್ ಪಾದ್ರಿಗಳನ್ನು ಹಿಡಿದಿಟ್ಟು ಆಮೇಲೆ ದೇಶ ಬಿಡಿಸಿತು. ಕಾರ್ಖಾನೆಗಳನ್ನು ಕಿತ್ತುಕೊಂಡು ಬೇರೆ ಕಂಪೆನಿಗೆ ಒಪ್ಪಿಸಿತು. ಸಭೆಗಳನ್ನು ಇಲ್ಲಿನವರೇ ನಡೆಸಬೇಕಾದ ಹೊತ್ತು ಬಂದದ್ದು ಹಾಗೆ. ಯಾರೂ ಮನಸಾರೆ ಕೊಟ್ಟದ್ದರಿಂದಲ್ಲ.