ಯಾರನ್ನ ಕೇಳೀದಿ?

ಧಾರವಾಡದಲ್ಲಿ ರೂಮ್ ಮಾಡಿಕೊಂಡು ಓದುವ ಹುಡುಗರು ನನ್ನ ಬಳಿ ಆಪ್ತಸಲಹೆಗೆ ಬಂದಾಗ ಮೊದಲು ಹೇಳುವುದು ನಿದ್ದೆಯ ತೊಂದರೆ, ಓದಿದ್ದು ತಲೆಗೆ ಹತ್ತದ ತೊಂದರೆ. ಎರಡನೆಯ, ಮೂರನೆಯ ಭೇಟಿಗೆ ಕೆಲವರ ಬಾಯಲ್ಲಿ ಬೇರೆ ಮಾತು ಬರುತ್ತದೆ: ಮಳಿ ಕೆಟ್ಟತು, ಭೂಮಿ ಕೆಡಾಕತ್ತೈತಿ, ಓದಿ ಏನ್ ಮಾಡೂದೈತಿ? ಇಂಥ ಪ್ರಕರಣಗಳು ಮೇಲಿಂದ ಮೇಲೆ ಬರುತ್ತಿವೆ. ಗುರುತು ಸಿಗದಂತೆ ವಿವರ ಬದಲಿಸಿ ಒಂದನ್ನು ಇಲ್ಲಿ ಬರೆದಿದೆ.

ಹುಡುಗನಿಗೆ ಇಪ್ಪತ್ತರ ಆಸುಪಾಸು. ಬೆಣ್ಣಿಹಳ್ಳದ ದಂಡೆಯ ಊರು. 2019ರ ಆಗಸ್ಟ್ ನೆರೆಗೆ ಮನೆಯ ಗೋಡೆ ಬಿತ್ತು, 2023ರ ಬರಕ್ಕೆ ಹೆಸರಿನ ಬೆಳೆ ಕೈಗೆ ಬರಲಿಲ್ಲ. ಈಗ ರಾತ್ರಿ ಎರಡರತನಕ ಫೋನಿನಲ್ಲಿ ಹವಾಮಾನದ ಸುದ್ದಿ.

ಇಂಥವರು ಬಂದಾಗ, ಸಾಯುವ ಯೋಚನೆ ಬರುತ್ತದೆಯೇ ಎಂದು ಮೊದಲ ದಿನವೇ ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬ ಹೆದರಿಕೆಗೆ ಆಧಾರವಿಲ್ಲ. ಹೌದು ಎಂದರೆ ಮಿಕ್ಕ ಮಾತು ಅಲ್ಲಿಗೇ ನಿಲ್ಲಬೇಕು. ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆಯಾದ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರಿಗೆ ತೋರಿಸಿ, ಹೊತ್ತಲ್ಲದ ಹೊತ್ತಿಗೆ ಬೇಕಾಗಬಹುದೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆ ಬರೆದುಕೊಡಬೇಕು. ಈ ಹುಡುಗನಿಗೆ ಆ ಯೋಚನೆ ಇರಲಿಲ್ಲ. ಇದ್ದದ್ದು ದುಃಖ, ಸಿಟ್ಟು. ಅವನ್ನು ಕಾಯಿಲೆ ಎನ್ನಲಾಗದು. 2021ರಲ್ಲಿ ಭಾರತವೂ ಸೇರಿದಂತೆ 10 ದೇಶಗಳ 16ರಿಂದ 25 ವಯಸ್ಸಿನ 10,000 ಮಂದಿಯನ್ನು ಕೇಳಿದಾಗ, ಹವಾಮಾನ ಬದಲಾವಣೆಯ ಚಿಂತೆ ತಮಗೆ ತೀರಾ ಹೆಚ್ಚು ಎಂದವರು ಶೇ 59. ಸರ್ಕಾರಗಳು ಕೈಕಟ್ಟಿ ಕೂತಿವೆ ಎಂಬ ಭಾವ ಆ ಚಿಂತೆಗೆ ಹೆಣೆದುಕೊಂಡಿತ್ತು. ಅದಕ್ಕೇ ‘ಸುದ್ದಿ ನೋಡಬ್ಯಾಡ, ಧ್ಯಾನ ಮಾಡು’ ಎಂಬುದು ನಿದ್ದೆಗೆ ಆದೀತು, ಒಳಗಿನ ಸಿಟ್ಟಿಗೆ ಆಗುವುದಿಲ್ಲ.

ತಿರುವು ಬಂದದ್ದು ನಾಲ್ಕು ಮಾತಿನಲ್ಲಿ.

“ಎಲ್ಲಾರಿಗೂ ಗೊತ್ತೈತ್ರಿ ಮೇಡಂ. ಆದ್ರೂ ಯಾರೂ ಏನೂ ಮಾಡವಲ್ರು.”

“ಯಾರು ಮಾಡವಲ್ರು?”

“ಸರಕಾರದವ್ರು.”

“ಸರಕಾರದಾಗ ಯಾರು? ನೀ ಯಾರನ್ನ ಕೇಳೀದಿ?”

ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಯಾರನ್ನೂ ಕೇಳಿಲ್ರಿ. ಸ್ಟೇಟಸ್ ಹಾಕೇನಿ, ಅಷ್ಟ.”

ಅವನನ್ನು ಸಣ್ಣವನನ್ನಾಗಿ ಮಾಡಲು ಕೇಳಿದ ಪ್ರಶ್ನೆಯಲ್ಲ ಇದು. ವರ್ಷಗಟ್ಟಲೆ ಅವನು ಕೇಳುತ್ತಲೇ ಇದ್ದ, ಆದರೆ ಉತ್ತರ ಕೊಡಬೇಕಾದ ಒಬ್ಬ ಮನುಷ್ಯನೂ ಎದುರಿಗಿರಲಿಲ್ಲ. ‘ಯಾರೂ ಮಾಡುವುದಿಲ್ಲ’ ಎಂಬ ಹತಾಶೆ ಬೆಳೆಯುವುದೇ ಅಲ್ಲಿ. ಅಲ್ಲಿಂದ ಸಲಹೆ ಬದಲಾಯಿತು: ಭರವಸೆ ಬರಲೆಂದು ಕಾಯಬೇಡ, ಮೊದಲು ಇಬ್ಬರನ್ನು ಜೊತೆ ಮಾಡಿಕೋ, ಒಬ್ಬ ಅಧಿಕಾರಿಯನ್ನು ಹುಡುಕು.

ಆಪ್ತಸಲಹೆಗಾರರಿಗೆ ಇದು ತಕ್ಕುದಲ್ಲ ಎನ್ನುವವರಿದ್ದಾರೆ. ಪಕ್ಷ ಯಾವುದೆಂದು ಹೇಳುವುದು ನಮ್ಮ ಕೆಲಸವಲ್ಲ, ಒಪ್ಪುತ್ತೇನೆ. ಆದರೆ ಕಾರಣ ಹೊರಗಿದ್ದಾಗ ಮನಸ್ಸನ್ನಷ್ಟೇ ತಿದ್ದಿಕೋ ಎನ್ನುವುದು ಅನ್ಯಾಯ. ಈ ಸೀಮೆಯ ಹುಡುಗರಿಗಂತೂ ದೂರದ ಉದಾಹರಣೆ ಬೇಕಿಲ್ಲ. ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ ಊರಿನ ಸಾಮೂಹಿಕ ಜಮೀನಿನಲ್ಲಿದ್ದ ಕಂಪನಿಯ ನೀಲಗಿರಿ ಕಿತ್ತು ತಮಗೆ ಬೇಕಾದ ಸಸಿ ಹಚ್ಚಿದರು. ‘ಕಿತ್ತಿಕೋ-ಹಚ್ಚಿಕೋ’ ಎಂದೇ ಅದರ ಹೆಸರು. ಗದಗಿನ ಕಪ್ಪತಗುಡ್ಡಕ್ಕೆ ಕೊಟ್ಟಿದ್ದ ಸಂರಕ್ಷಿತ ಸ್ಥಾನವನ್ನು 2016ರಲ್ಲಿ ಸರ್ಕಾರ ಹಿಂತೆಗೆದುಕೊಂಡಾಗ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳುತನದಲ್ಲಿ ಜನ ಧರಣಿ ಕೂತರು. 2017ರಲ್ಲಿ ಸ್ಥಾನ ಮರಳಿತು, 2019ರಲ್ಲಿ ಅದು ವನ್ಯಜೀವಿಧಾಮವಾಯಿತು.

ಹುಡುಗ ಆಯ್ದುಕೊಂಡದ್ದು ರೂಮಿನ ಹತ್ತಿರದ ರಸ್ತೆಯ ಮರಗಳನ್ನು. ಇದರಿಂದ ಭೂಮಿಯ ಕಾವು ಇಳಿಯುತ್ತದೆಂದು ಅವನಿಗೆ ಹೇಳಲಿಲ್ಲ, ಹೇಳಬಾರದು. ಅಧಿಕಾರದಲ್ಲಿರುವವರನ್ನು ಕೇಳುವುದು ಹೇಗೆಂಬ ಕಲಿಕೆ ಇದು.

ಮೊದಲಿಗೆ ಸಭೆ ಕರೆಯಬಾರದು. ಒಬ್ಬೊಬ್ಬರನ್ನೇ ಚಹಾದಂಗಡಿಗೆ ಕರೆದು ಅರ್ಧ ತಾಸು ಅವರ ಮಾತು ಕೇಳಬೇಕು. ನಿನಗೇನು ಚಿಂತೆ, ಎಷ್ಟು ಹೊತ್ತು ಕೊಡಬಲ್ಲೆ? ಇಷ್ಟೇ ಪ್ರಶ್ನೆ. ಮೂವರು ಸಿಕ್ಕರೆ ಶುರು. ಇನ್ನೂರು ಜನರ ವಾಟ್ಸಾಪ್ ಗುಂಪು ಕಟ್ಟಿದವರಿಗೆ ಬೆಳಿಗ್ಗೆ ಹತ್ತೂವರೆಗೆ ಕಚೇರಿಯ ಬಾಗಿಲಲ್ಲಿ ಒಬ್ಬರೂ ಸಿಗುವುದಿಲ್ಲ.

ಆಮೇಲೆ ಒಂದು ಬೇಡಿಕೆ, ಒಂದು ಕಚೇರಿ, ಒಂದು ತಾರೀಖು. ಹತ್ತು ಬೇಡಿಕೆಯ ಮನವಿಯನ್ನು ಜಿಲ್ಲಾಧಿಕಾರಿಗೆ ಕೊಟ್ಟು ಫೋಟೊ ತೆಗೆಸಿಕೊಂಡರೆ ಅದು ಇಲಾಖೆಯಿಂದ ಇಲಾಖೆಗೆ ಅಲೆಯುತ್ತದೆ. ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಮರ ಕಡಿಯಲು ಅನುಮತಿ ಕೊಡುವವರು ವೃಕ್ಷಾಧಿಕಾರಿ. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಅವರು ಜನರ ಆಕ್ಷೇಪಣೆ ಕರೆಯಬೇಕು. ಹಾಗಾಗಿ ಮೊದಲ ಹೆಜ್ಜೆ ಮಾಹಿತಿ ಹಕ್ಕಿನ ಅರ್ಜಿ: ಎಷ್ಟು ಮರಕ್ಕೆ ಅನುಮತಿ ಕೊಟ್ಟಿರಿ, ಬದಲಿಗೆ ಹಚ್ಚಿದ ಸಸಿ ಎಷ್ಟು, ಎಲ್ಲಿ? ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಸಿಟ್ಟನ್ನೆಲ್ಲ ಅದರಲ್ಲೇ ಬರೆದವರ ಅರ್ಜಿ ಬಿದ್ದುಹೋಗುವುದು ಇಲ್ಲಿಯೇ. ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಹೊರಗೆ ಬರಬಾರದು. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಪರೀಕ್ಷೆ ಬಂದಾಗ ಕೆಲಸ ನಿಲ್ಲದಂತೆ ಪ್ರತಿ ಕೆಲಸಕ್ಕೂ ಇಬ್ಬರ ಹೆಸರು.

ಹುಡುಗನ ಅಪ್ಪ ಊರಿಂದ ಬಂದು, “ಮಗಾ ರಾಜಕೀಯಕ್ಕ ಬಿದ್ರ ನೌಕರಿ ಗತಿ ಏನ್ರಿ?” ಎಂದರು. ಸ್ಪರ್ಧಾತ್ಮಕ ಪರೀಕ್ಷೆ ಕಟ್ಟುವ ಮನೆಗಳಲ್ಲಿ ಈ ಭಯ ಸುಳ್ಳಲ್ಲ. ನೌಕರಿಗೆ ಮೊದಲು ಪೊಲೀಸರು ಪೂರ್ವಾಪರ ನೋಡುತ್ತಾರೆ. ಅಪ್ಪನಿಗೆ ಹೇಳಿದ್ದಿಷ್ಟು: ಅರ್ಜಿ ಕೊಡುವುದು, ಆಕ್ಷೇಪಣೆ ಸಲ್ಲಿಸುವುದು, ನಿಮ್ಮೂರ ಗ್ರಾಮಸಭೆಯಲ್ಲಿ ಎದ್ದು ಮಾತಾಡುವುದು ಅಪರಾಧವಲ್ಲ. ಬೀದಿಗಿಳಿಯುವ ದಿನ ಬಂದರೆ ಪೊಲೀಸರಿಗೆ ಮೊದಲೇ ಬರೆದು ಅನುಮತಿ ತಗೊಳ್ಳಲಿ, ರಸ್ತೆ ತಡೆಗೆ ಕೂಡದಿರಲಿ. ವಾರಕ್ಕೆ ಎರಡು ತಾಸು ಇದಕ್ಕೆ, ಮಿಕ್ಕದ್ದು ಓದಿಗೆ ಎಂದು ಅಪ್ಪ-ಮಗ ಅಲ್ಲಿಯೇ ಕೂತು ಒಪ್ಪಿಕೊಂಡರು.