ಓದುಗರ ಪ್ರಶ್ನೆ: ಡೇರೆ ಹೊಲಿಯೋನು, ಓಡಿಹೋದ ಗುಲಾಮ, ಮರದ ಕೆಳಗೆ ಓದ್ತಿದ್ದ ಹುಡುಗ

ಹೋದ ಸಂಚಿಕೆಯಲ್ಲಿ ರೋಮನ್ನರ ರಸ್ತೆಗಳ ಬಗ್ಗೆ ಯಾರೋ ಕೇಳಿದ್ರು. ಉತ್ತರ ಬರೀತಾ ಬರೀತಾ, ಸೈನ್ಯಕ್ಕೆ ಅಂತ ಹಾಕಿದ ಆ ರಸ್ತೆ ಮೇಲೇನೇ ಕ್ರೈಸ್ತ ಧರ್ಮನೂ ನಡ್ಕೊಂಡು ಹೋಯ್ತು ಅಂತ ಒಂದು ಸಾಲು ಸೇರಿಸಿದ್ದೆ, ಅಷ್ಟೇ. ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಆ ಒಂದು ಸಾಲಿನ ಮೇಲೆ! ಸರಿ, ಉಳಿದವನ್ನ ಮುಂದಿನ ಸಲಕ್ಕೆ ಇಟ್ಕೊಂಡು ಇದನ್ನೇ ಮುಗಿಸೋಣ.

ಪ್ರಶ್ನೆ: ಸರ್, ಏಸುವಿನ ಜೊತೆ ಇದ್ದೋರು ಹನ್ನೆರಡೇ ಜನ, ಅದರಲ್ಲೂ ಕೆಲವರು ಮೀನು ಹಿಡಿಯೋರು. ದುಡ್ಡಿಲ್ಲ, ಪ್ರಿಂಟಿಂಗ್ ಇಲ್ಲ, ಫೋನ್ ಇಲ್ಲ. ಇದು ರೋಮ್ ತನಕ ಹೋಗಿದ್ದಾದ್ರೂ ಹೆಂಗೆ? (ಪಿಯುಸಿ ವಿದ್ಯಾರ್ಥಿನಿ)

ಉತ್ತರ: ನೋಡಮ್ಮ, ಅವರ ಹತ್ರ ಏನೂ ಇರಲಿಲ್ಲ ನಿಜ, ಆದ್ರೆ ಬೇರೆಯವರು ಬೇರೆ ಕೆಲಸಕ್ಕೆ ಅಂತ ಮಾಡಿಟ್ಟಿದ್ದೆಲ್ಲಾ ಅವರಿಗೆ ರೆಡಿ ಸಿಕ್ತು. ಪ್ಯಾಲೆಸ್ಟೈನ್‌ನಿಂದ ಹೊರಗೆ, ಮೆಡಿಟರೇನಿಯನ್ ಸಮುದ್ರದ ಸುತ್ತ ಇದ್ದ ದೊಡ್ಡ ಊರುಗಳಲ್ಲೆಲ್ಲಾ ಯೆಹೂದ್ಯರು ಎಷ್ಟೋ ತಲೆಮಾರಿನಿಂದ ವ್ಯಾಪಾರ ಕಸುಬು ಅಂತ ನೆಲೆಸಿದ್ರು, ಒಂದೊಂದು ಊರಲ್ಲೂ ಅವರ ಸಭಾಮಂದಿರ ಇತ್ತು, ಅವರ ಶಾಸ್ತ್ರಗ್ರಂಥ ಆಗಲೇ ಗ್ರೀಕ್ ಭಾಷೆಗೆ ಬಂದಿತ್ತು, ಆ ಕಡೆಯ ಪೇಟೆಬೀದಿಯಲ್ಲೆಲ್ಲಾ ಓಡ್ತಿದ್ದಿದ್ದೂ ಗ್ರೀಕೇ. ಊರೂರು ಸುತ್ತಿ ಏಸುವಿನ ಸುದ್ದಿ ಸಾರಿದ ಪೌಲ ಅನ್ನೋನು ಯಾವ ಊರಿಗೆ ಹೋದ್ರೂ ಸೀದಾ ಮೊದಲು ಸಭಾಮಂದಿರಕ್ಕೆ ಹೋಗ್ತಿದ್ದ, ಮಾತಾಡ್ತಿದ್ದ, ಜಗಳ ಆಗ್ತಿತ್ತು, ಹೊರಗೆ ಹಾಕ್ತಿದ್ರು, ಆಮೇಲೆ ಅದೇ ಊರಲ್ಲಿ ಯಾರದ್ದಾದ್ರೂ ಮನೇಲಿ ಕೂತು ಮುಂದುವರಿಸ್ತಿದ್ದ. ಐದು ಸಲ ಮೂವತ್ತೊಂಬತ್ತು ಛಡಿ ಏಟು ತಿಂದೆ, ಮೂರು ಸಲ ಹಡಗು ಒಡೆದು ನೀರುಪಾಲಾದೆ ಅಂತ ಅವನೇ ಗ್ರೀಸ್‌ನ ಕೊರಿಂಥ ಊರಿನವರಿಗೆ ಬರೆದ ಪತ್ರದಲ್ಲಿ ಹೇಳ್ಕೊಂಡಿದ್ದಾನೆ.

ಹೊಟ್ಟೆಪಾಡಿಗೆ ಅವನು ಡೇರೆ ಮಾಡೋನು. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಅನ್ನೋ ಗಂಡ ಹೆಂಡತಿ ಜೊತೆ ಅದೇ ಕಸುಬು ಮಾಡ್ಕೊಂಡು ಒಂದೂವರೆ ವರ್ಷ ಇದ್ದ. ಅಲ್ಲಿ ಅವನನ್ನ ಗಲ್ಲಿಯೋ ಅನ್ನೋ ರೋಮನ್ ಅಧಿಕಾರಿ ಮುಂದೆ ಎಳ್ಕೊಂಡು ಹೋದ್ರು. ಗ್ರೀಸ್‌ನ ಡೆಲ್ಫಿಯಲ್ಲಿ ಆ ಗಲ್ಲಿಯೋ ಹೆಸರಿರೋ ಶಾಸನ ಸಿಕ್ಕಿದೆ, ಅದರಿಂದ ಇದು ಕ್ರಿ.ಶ. 51ರ ಆಚೀಚೆ ಅಂತ ಲೆಕ್ಕ ಸಿಗುತ್ತೆ. ಪೌಲನ ಜೀವನದಲ್ಲಿ ಇಷ್ಟು ಗಟ್ಟಿಯಾಗಿ ಕೂರೋ ತಾರೀಕು ಬೇರೆ ಸಿಗೋದು ಕಷ್ಟ.

ಆದ್ರೆ ನಿನ್ನ ಪ್ರಶ್ನೆಯಲ್ಲಿರೋ 'ರೋಮ್ ತನಕ' ಅನ್ನೋ ಮಾತು ನೋಡು, ಅಲ್ಲೇ ಸ್ವಾರಸ್ಯ ಇರೋದು. ಪೌಲ ರೋಮಿಗೆ ಪತ್ರ ಬರೆಯೋವಾಗ ಆ ಊರಿನ ಮುಖನೇ ನೋಡಿರಲಿಲ್ಲ. ಅವನು ಬರೀತಿದ್ದಿದ್ದು ಆಗಲೇ ಅಲ್ಲಿದ್ದ ಕ್ರೈಸ್ತರಿಗೆ! ಅವರಿಗೆ ಹೇಳಿದ್ದು ಯಾರು? ಯಾರೋ ವ್ಯಾಪಾರಿ, ಯಾರೋ ಗುಲಾಮ, ಹಬ್ಬಕ್ಕೆ ಯೆರೂಸಲೇಮಿಗೆ ಹೋಗಿ ವಾಪಸ್ ಬಂದ ಯಾವುದೋ ಕುಟುಂಬ ಇರಬೇಕು. ಅಂತಿಯೋಕ್ಯದಲ್ಲೂ ಇದೇ ಕಥೆ. ಈಗ ಟರ್ಕಿಯಲ್ಲಿರೋ ಅಂತಾಕ್ಯ ಅದು, 'ಕ್ರೈಸ್ತರು' ಅನ್ನೋ ಹೆಸರು ಮೊದಲು ಬಿದ್ದಿದ್ದೇ ಅಲ್ಲಿ, ಆ ಊರಿಗೆ ಸುದ್ದಿ ತಂದೋರು ಸೈಪ್ರಸ್ ಮತ್ತು ಉತ್ತರ ಆಫ್ರಿಕಾದ ಕುರೇನೆ ಕಡೆಯ 'ಕೆಲವರು' ಅಂತಷ್ಟೇ ಬೈಬಲ್ ಹೇಳುತ್ತೆ, ಒಂದು ಹೆಸರೂ ಇಲ್ಲ.

ಇನ್ನೊಂದು, ನನ್ನ ಕೇಳಿದ್ರೆ ಎಲ್ಲಕ್ಕಿಂತ ದೊಡ್ಡ ಕಾರಣ. ಕ್ರಿ.ಶ. 49ರ ಸುಮಾರಿಗೆ ಯೆರೂಸಲೇಮಲ್ಲಿ ಹಿರಿಯರ ಒಂದು ಸಭೆ ಆಯ್ತು, ಯೆಹೂದ್ಯರಲ್ಲದೋರು ಸೇರಬೇಕಂದ್ರೆ ಸುನ್ನತಿ ಮಾಡಿಸ್ಕೋಬೇಕಾ ಬೇಡ್ವಾ ಅಂತ. ಬೇಡ ಅಂತ ತೀರ್ಮಾನ ಆಯ್ತು. ಅವತ್ತು ಬೇಕೇ ಬೇಕು ಅಂದಿದ್ರೆ ಇದು ಯೆಹೂದ್ಯರ ಒಳಗಿನ ಒಂದು ಪಂಗಡವಾಗಿ ಉಳ್ಕೊಂಡುಬಿಡ್ತಿತ್ತು ಅಂತ ನನಗನ್ಸುತ್ತೆ.

ಪ್ರಶ್ನೆ: ಕಾನ್‌ಸ್ಟಂಟೈನ್ ಚಕ್ರವರ್ತಿ ಮತಾಂತರ ಆಗದೇ ಇದ್ದಿದ್ರೆ ಇವರನ್ನ ಯಾರು ಕೇಳ್ತಿದ್ರು? ರಾಜ ಆದ, ಪ್ರಜೆಗಳು ಹಿಂದೆ ಹೋದ್ರು, ಅಷ್ಟೇ ಅಲ್ವಾ?

ಉತ್ತರ: ಅರ್ಧ ಸರಿ. 313ರಲ್ಲಿ ಕ್ರೈಸ್ತರು ಅಡ್ಡಿಯಿಲ್ಲದೆ ತಮ್ಮ ಧರ್ಮ ಪಾಲಿಸಬಹುದು ಅಂತ ಮಿಲಾನ್‌ನ ಒಪ್ಪಂದ ಆದಮೇಲೆ ವೇಗ ಜಾಸ್ತಿ ಆಯ್ತು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅದಕ್ಕೂ ಇನ್ನೂರು ವರ್ಷ ಹಿಂದೆ, ಸುಮಾರು 112ರಲ್ಲಿ, ಈಗಿನ ಟರ್ಕಿಯ ಉತ್ತರ ಭಾಗಕ್ಕೆ ಗವರ್ನರ್ ಆಗಿದ್ದ ಪ್ಲಿನಿ ಅನ್ನೋನು ಚಕ್ರವರ್ತಿ ಟ್ರಾಜನ್‌ಗೆ ಒಂದು ಕಾಗದ ಬರೀತಾನೆ. ಪೂರಾ ಸರ್ಕಾರಿ ಕಾಗದ, ಇವರನ್ನ ಏನು ಮಾಡಲಿ ಸ್ವಾಮಿ ಅಂತ. ಈ ರೋಗ ಪಟ್ಟಣ ಬಿಟ್ಟು ಹಳ್ಳಿಹಳ್ಳಿಗೂ ಹಬ್ಬಿದೆ, ದೇವಸ್ಥಾನಗಳು ಭಣಗುಟ್ತಿದ್ವು, ಬಲಿ ಕೊಟ್ಟ ಪ್ರಾಣಿಯ ಮಾಂಸ ಕೊಳ್ಳೋರೇ ಇರಲಿಲ್ಲ, ನಾನು ಬಿಗಿ ಮಾಡಿದ ಮೇಲೆ ಈಗ ಮತ್ತೆ ವ್ಯಾಪಾರ ಆಗ್ತಿದೆ ಅಂತಾನೆ! ಒಂದು ಧರ್ಮ ಎಷ್ಟು ಹರಡಿದೆ ಅಂತ ಮಾಂಸದಂಗಡಿ ಲೆಕ್ಕದಲ್ಲಿ ಅಳೆದ ಅಧಿಕಾರಿ ಇವನೊಬ್ಬನೇ ಇರಬೇಕು. ಅದಕ್ಕೆ ಟ್ರಾಜನ್ ಉತ್ತರನೂ ಮಜವಾಗಿದೆ: ಹುಡುಕ್ಕೊಂಡು ಹೋಗಬೇಡ, ಸಿಕ್ಕಿ ರುಜುವಾತಾದ್ರೆ ಶಿಕ್ಷೆ ಕೊಡು, ಹೆಸರಿಲ್ಲದ ಮೂಗರ್ಜಿಗಳನ್ನ ಮಾತ್ರ ತಗೋಬೇಡ, ಅದು ನಮ್ಮ ಕಾಲಕ್ಕೆ ಶೋಭೆ ಅಲ್ಲ.

ಸಂಖ್ಯೆ ವಿಷಯಕ್ಕೆ ಬಂದ್ರೆ ಒಬ್ಬ ಅಮೆರಿಕನ್ ಸಮಾಜಶಾಸ್ತ್ರಜ್ಞ ಹಾಕಿದ ಲೆಕ್ಕ ಇದೆ, ಕ್ರಿ.ಶ. 40ರಲ್ಲಿ ಸಾವಿರ ಜನ ಇದ್ರು ಅಂತಿಟ್ಕೊಳ್ಳಿ, ಹತ್ತು ವರ್ಷಕ್ಕೆ ನೂರಕ್ಕೆ ನಲವತ್ತರ ಹಾಗೆ ಬೆಳೆದ್ರೆ 300ರ ಹೊತ್ತಿಗೆ 60 ಲಕ್ಷ ದಾಟುತ್ತೆ. ವರ್ಷಕ್ಕೆ ಮೂರೂವರೆ ಪರ್ಸೆಂಟೂ ಬರಲ್ಲ ಅದು! ಪವಾಡವೂ ಬೇಡ, ದೊಡ್ಡ ದೊಡ್ಡ ಸಭೆಗಳೂ ಬೇಡ, ಒಬ್ಬೊಬ್ಬರು ತಮ್ಮ ಅಕ್ಕಪಕ್ಕದೋರಿಗೆ, ನೆಂಟರಿಗೆ ಹೇಳ್ಕೊಂಡು ಹೋದ್ರೆ ಸಾಕು. ಅಂದಾಜು ಅಷ್ಟೇ, ಜನಗಣತಿ ಅಲ್ಲ, ಆದ್ರೂ ರಾಜ ಬಂದು ಸೇರೋ ಹೊತ್ತಿಗೆ ಮನೆ ತುಂಬಾ ಜನ ಇದ್ರು ಅಂತ ನಾನು ಅನ್ನೋದು ಇದಕ್ಕೇ.

ಪ್ರಶ್ನೆ: ನೀವು ಸಿಹಿ ಸಿಹಿಯಾಗಿ ಬರೀತೀರಿ. ಕತ್ತಿ ತೋರಿಸಿ ಮಾಡಿದ್ದನ್ನ ಯಾಕೆ ಬರೆಯಲ್ಲ?

ಉತ್ತರ: ಬರೀತೀನಿ, ಕೇಳಿದ್ರಲ್ಲ. ಮೊದಲ ಮುನ್ನೂರು ವರ್ಷ ಇವರ ಕೈಲಿ ಕತ್ತಿ ಇರಲಿಲ್ಲ, ಕತ್ತಿ ಇದ್ದಿದ್ದು ಎದುರಿನವರ ಕೈಲಿ. 380ರಲ್ಲಿ ರೋಮನ್ ಚಕ್ರವರ್ತಿ ಥಿಯೋಡೋಸಿಯಸ್ ಇದನ್ನ ಸಾಮ್ರಾಜ್ಯದ ಅಧಿಕೃತ ಧರ್ಮ ಮಾಡಿದ ಮೇಲೆ ಕೈ ಬದಲಾಯ್ತು, ಹಳೇ ದೇವಸ್ಥಾನಗಳು ಮುಚ್ಚಿದ್ವು, ಕೆಲವನ್ನ ಒಡೆದೂ ಹಾಕಿದ್ರು. ಅತಿ ಕೆಟ್ಟದ್ದು ಅಂದ್ರೆ ಪಶ್ಚಿಮ ಯುರೋಪಿನ ಫ್ರಾಂಕ್ ಜನರ ರಾಜ ಶಾರ್ಲೆಮೇನ್ ಕಾಲದ್ದು. 782ರಲ್ಲಿ ವೆರ್ಡೆನ್ ಅನ್ನೋ ಜಾಗದಲ್ಲಿ ದಂಗೆ ಎದ್ದ ಸ್ಯಾಕ್ಸನ್ನರ (ಈಗಿನ ಜರ್ಮನಿ ಕಡೆಯ ಜನ) 4500 ಜನರ ತಲೆ ತೆಗೆಸಿದ ಅಂತ ಅವನ ಆಸ್ಥಾನದ ದಾಖಲೆನೇ ಹೇಳುತ್ತೆ, ದೀಕ್ಷಾಸ್ನಾನ ಬೇಡ ಅಂದ ಸ್ಯಾಕ್ಸನ್ನರಿಗೆ ಮರಣದಂಡನೆ ಅಂತ ಕಾನೂನೇ ಮಾಡಿದ್ದ. ಅದನ್ನ ತಪ್ಪು ಅಂದೋನು ಅವನದೇ ಆಸ್ಥಾನದಲ್ಲಿದ್ದ ಆಲ್ಕ್ವಿನ್ ಅನ್ನೋ ಕ್ರೈಸ್ತ ಪಂಡಿತ, ನಂಬಿಕೆ ಒಳಗಿಂದ ಬರಬೇಕು, ಬಲವಂತಕ್ಕೆ ಬರಲ್ಲ ಅಂತ ಅವನ ವಾದ.

ಇದರ ಪಕ್ಕದಲ್ಲಿ ಇನ್ನೊಂದನ್ನೂ ಇಡ್ತೀನಿ, ಬೇಜಾರಾಗಬೇಡಿ. 597ರಲ್ಲಿ ಪೋಪ್ ಗ್ರೆಗೊರಿ ಕಳಿಸಿದ ಅಗಸ್ಟೀನ್ ಅನ್ನೋ ಸನ್ಯಾಸಿ ಸುಮಾರು ನಲವತ್ತು ಜನರ ಜೊತೆ ಇಂಗ್ಲೆಂಡಿನ ಕೆಂಟ್‌ಗೆ ಬಂದಿಳಿದ. ಅಲ್ಲಿನ ರಾಜ ಎಥೆಲ್‌ಬರ್ಟ್ ಇವರನ್ನ ಮನೆಯೊಳಗೆ ಬಿಟ್ಕೊಳ್ಳಲಿಲ್ಲ, ಸೂರಿನ ಕೆಳಗೆ ಮಾಟ ಮಾಡಿಬಿಟ್ರೆ ಅಂತ ಬಯಲಲ್ಲಿ ಕೂರಿಸಿ ಮಾತಾಡಿಸಿದ! ನಾಲ್ಕು ವರ್ಷ ಆದಮೇಲೆ ಗ್ರೆಗೊರಿ ಬರೆದ ಪತ್ರದಲ್ಲಿ, ದೇವಸ್ಥಾನ ಕೆಡವಬೇಡಿ, ವಿಗ್ರಹ ತೆಗೆದು ತೀರ್ಥ ಪ್ರೋಕ್ಷಣೆ ಮಾಡಿ ಅದನ್ನೇ ಚರ್ಚ್ ಮಾಡ್ಕೊಳ್ಳಿ, ಜನ ಎತ್ತು ಕಡಿದು ಊಟ ಹಾಕೋ ಹಬ್ಬನೂ ನಿಲ್ಲಿಸಬೇಡಿ ಅಂತಿದೆ. ಇದು ಸಹನೆನೋ ಉಪಾಯನೋ ಅಂತ ಕೇಳಿದ್ರೆ, ಎರಡೂ. ವಿಗ್ರಹ ತೆಗೆಸಿಕೊಂಡೋರಿಗೆ ಅದು ಸಹನೆ ಅನ್ಸಿರಲ್ಲ ಬಿಡಿ.

ಪ್ರಶ್ನೆ: ಎಲ್ಲಾ ಗಂಡಸರ ಹೆಸರೇ ಬರುತ್ತಲ್ಲ, ಹೆಂಗಸರು ಏನೂ ಮಾಡಲೇ ಇಲ್ವಾ?

ಉತ್ತರ: ಮಾಡಿದ್ರು ಮೇಡಂ. ಫಿಲಿಪ್ಪಿಯಲ್ಲಿ ಪೌಲನ ಮಾತು ಕೇಳಿ ಮನೆಮಂದಿ ಸಮೇತ ಮೊದಲು ಸೇರಿದ್ದು ಲುದ್ಯ, ನೇರಳೆ ಬಣ್ಣದ ದುಬಾರಿ ಬಟ್ಟೆ ಮಾರ್ತಿದ್ದ ವ್ಯಾಪಾರಸ್ಥೆ. ರೋಮಿನವರಿಗೆ ಬರೆದ ಆ ಪತ್ರನ ತಲುಪಿಸಿದ್ದು ಫೊಯಿಬೆ ಅನ್ನೋ ಹೆಂಗಸು ಅಂತ ಹೆಚ್ಚಿನ ವಿದ್ವಾಂಸರು ನಂಬ್ತಾರೆ. ಪ್ಲಿನಿ ಹಿಂಸೆ ಕೊಟ್ಟು ವಿಚಾರಿಸಿದ್ದು ಇಬ್ಬರು ದಾಸಿಯರನ್ನ, ಅವರು ಸಭೆಯ ಸೇವಕಿಯರು ಅಂತ ಅವನೇ ಬರೀತಾನೆ, ಹೆಸರು ಮಾತ್ರ ಬರೀಲಿಲ್ಲ ಮಹಾಶಯ. ಮೇಲೆ ಹೇಳಿದ ಎಥೆಲ್‌ಬರ್ಟ್‌ನ ಹೆಂಡತಿ ಬರ್ಥಾ ಅಗಸ್ಟೀನ್ ಬರೋ ಮೊದಲೇ ಕ್ರೈಸ್ತಳು. ಇನ್ನು ಜಾರ್ಜಿಯಾ ದೇಶದವರು ತಮಗೆ ಈ ಧರ್ಮ ಕೊಟ್ಟಿದ್ದು ನಿನೋ ಅನ್ನೋ ಹೆಂಗಸು ಅಂತಾರೆ, ಹಳೇ ಬರಹದಲ್ಲಿ ಅವಳು ಸೆರೆ ಸಿಕ್ಕವಳು.

ಪ್ರಶ್ನೆ: ಮಿಷನರಿಗಳು ಹೋದ ಕಡೆ ಲಿಪಿನೇ ಮಾಡಿಕೊಟ್ರು ಅಂತ ಕೇಳಿದ್ದೆ, ನಿಜವಾ? ಸ್ವಲ್ಪ ವಿವರವಾಗಿ ಹೇಳಿ.

ಉತ್ತರ: ನಿಜ. ಆದ್ರೆ ಅದಕ್ಕೆ ಮೊದಲು ಸೆರೆಯವರ ಕಥೆ ಹೇಳಬೇಕು, ನಿನೋ ಹೆಸರು ಹೆಂಗೂ ಬಂತು. ಸಾಮ್ರಾಜ್ಯದ ಗಡಿ ದಾಟಿ ಹೊರಗೆ ಮೊದಲು ಹೋದೋರಲ್ಲಿ ಎಷ್ಟೋ ಜನ ಹೋಗಬೇಕು ಅಂತ ಹೋದೋರೇ ಅಲ್ಲ, ಬೇರೆಯವರು ಹೊತ್ಕೊಂಡು ಹೋಗಿದ್ದು. ನಾಲ್ಕನೇ ಶತಮಾನದಲ್ಲಿ, ಈಗಿನ ಲೆಬನಾನ್‌ನಲ್ಲಿರೋ ಟೈರ್ ಊರಿನ ಇಬ್ಬರು ಹುಡುಗರು ಒಬ್ಬ ಹಿರಿಯರ ಜೊತೆ ಕೆಂಪು ಸಮುದ್ರದಲ್ಲಿ ಹೋಗ್ತಿದ್ದಾಗ ಹಡಗು ನೀರಿಗೆ ಅಂತ ದಡಕ್ಕೆ ಬಂತು, ಅಲ್ಲಿನವರು ಹಡಗಿನವರನ್ನೆಲ್ಲಾ ಕೊಂದುಹಾಕಿದ್ರು, ಈ ಇಬ್ಬರು ಮಾತ್ರ ಮರದ ಕೆಳಗೆ ಕೂತು ಪಾಠ ಓದ್ತಿದ್ರಂತೆ, ಕನಿಕರ ಬಂದು ಕೊಲ್ಲದೆ ರಾಜನ ಹತ್ರ ಕರ್ಕೊಂಡು ಹೋದ್ರು. ಅದು ಈಗಿನ ಇಥಿಯೋಪಿಯಾದ ಅಕ್ಸುಂ ರಾಜ್ಯ. ಒಬ್ಬ ಹುಡುಗ ರಾಜನ ಪಾನಸೇವಕ ಆದ, ಇನ್ನೊಬ್ಬ, ಫ್ರುಮೆಂಟಿಯಸ್, ಲೆಕ್ಕಪತ್ರ ನೋಡ್ಕೊಳ್ಳೋನಾದ. ರಾಜ ಸತ್ತ ಮೇಲೆ ಮಗ ದೊಡ್ಡವನಾಗೋ ತನಕ ಇದ್ದು ರಾಜ್ಯ ನೋಡ್ಕೊಳ್ಳಿ ಅಂತ ರಾಣಿ ಕೇಳ್ಕೊಂಡಳು. ಆಗ ಫ್ರುಮೆಂಟಿಯಸ್, ವ್ಯಾಪಾರಕ್ಕೆ ಬರ್ತಿದ್ದ ರೋಮನ್ ಕ್ರೈಸ್ತರನ್ನ ಹುಡುಕಿ ಪ್ರಾರ್ಥನೆಗೆ ಜಾಗ ಮಾಡಿಕೊಟ್ಟ. ಮುಂದೆ ಬಿಡುಗಡೆ ಸಿಕ್ಕಾಗ ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ ಹೋಗಿ ಆ ಊರಿನ ಬಿಷಪ್ ಅಥನಾಸಿಯಸ್ ಹತ್ರ, ಅಲ್ಲಿಗೊಬ್ಬ ಬಿಷಪ್ ಕಳಿಸಿ ಅಂದ. ನಿನಗಿಂತ ಯಾರಪ್ಪ ಬೇಕು ಅಂತ ಅವನನ್ನೇ ಬಿಷಪ್ ಮಾಡಿ ವಾಪಸ್ ಕಳಿಸಿಬಿಟ್ರು! ಮರದ ಕೆಳಗಿನ ಪಾಠ ಎಷ್ಟು ನಿಜವೋ, ಆದ್ರೆ ಅಕ್ಸುಂ ರಾಜ ಎಜಾನನ ನಾಣ್ಯ ಕಣ್ಣಿಗೆ ಕಾಣುತ್ತೆ, ಮೊದಲಿನವುಗಳಲ್ಲಿ ಅರ್ಧಚಂದ್ರ, ಆಮೇಲಿನವುಗಳಲ್ಲಿ ಶಿಲುಬೆ.

ಪ್ಯಾಟ್ರಿಕ್ ಕಥೆನೂ ಹಿಂಗೇ. ಬ್ರಿಟನ್ನಿನ ಹುಡುಗ, 16 ವಯಸ್ಸಿಗೆ ಐರ್ಲೆಂಡಿನ ಕಳ್ಳರು ಹೊತ್ಕೊಂಡು ಹೋದ್ರು, ಆರು ವರ್ಷ ಜಾನುವಾರು ಕಾಯ್ದ, ತಪ್ಪಿಸ್ಕೊಂಡು ಊರು ಸೇರಿದ, ಆಮೇಲೆ ತನ್ನನ್ನ ಗುಲಾಮ ಮಾಡ್ಕೊಂಡ ದೇಶಕ್ಕೇ ಬೋಧನೆಗೆ ವಾಪಸ್ ಹೋದ. ಅಲ್ಲಿನ ಭಾಷೆ ಅವನಿಗೆ ಬರ್ತಿತ್ತಲ್ಲ! ಗುಲಾಮಗಿರಿ ಕಲಿಸಿದ ಭಾಷೆ ಅದು.

ಈಗ ಲಿಪಿಗೆ ಬರ್ತೀನಿ. ಉಲ್ಫಿಲಾಸ್ ಅನ್ನೋನ ಪೂರ್ವಿಕರನ್ನ ಗೋಥ್ ಅನ್ನೋ ಬುಡಕಟ್ಟಿನ ಜನ ಈಗಿನ ಟರ್ಕಿಯಲ್ಲಿರೋ ಕಪ್ಪದೋಕ್ಯದಿಂದ ಸೆರೆ ಹಿಡಿದು ಡ್ಯಾನ್ಯೂಬ್ ನದಿ ಆಚೆಗೆ ಒಯ್ದಿದ್ರು, ಇವನು ಗೋಥರ ನಡುವೇನೇ ಬೆಳೆದೋನು. ಗೋಥರ ಭಾಷೆಗೆ ಅಕ್ಷರ ಮಾಡಿ ಬೈಬಲ್ ಅನುವಾದಿಸಿದ, ಅರಸರ ಚರಿತ್ರೆಯ ಪುಸ್ತಕಗಳನ್ನ ಮಾತ್ರ ಬೇಕಂತಲೇ ಬಿಟ್ಟನಂತೆ, ಯಾಕಂದ್ರೆ ಅದರ ತುಂಬಾ ಯುದ್ಧ, ಗೋಥರಿಗೆ ಮೊದಲೇ ಯುದ್ಧದ ಹುಚ್ಚು, ಇನ್ನು ಇದನ್ನೂ ಓದಿಸಿದ್ರೆ ಕಥೆ ಮುಗೀತು ಅಂತ. ಅರ್ಮೇನಿಯಾದ್ದು ಇನ್ನೂ ಪಾಠ ಆಗೋ ಥರ ಇದೆ. ಅಲ್ಲಿ ರಾಜ ಕ್ರೈಸ್ತ ಆಗಿದ್ದು ನಾಲ್ಕನೇ ಶತಮಾನದ ಶುರುವಿನಲ್ಲಿ, ಅವರ ಸಂಪ್ರದಾಯದಂತೆ 301ರಲ್ಲಿ. ಆದ್ರೆ ಚರ್ಚಲ್ಲಿ ಓದ್ತಿದ್ದಿದ್ದು ಗ್ರೀಕ್, ಇಲ್ಲಾ ಸಿರಿಯಾ ಕಡೆಯ ಸಿರಿಯಾಕ್ ಭಾಷೆ, ಜನಕ್ಕೆ ಒಂದಕ್ಷರ ಅರ್ಥ ಆಗ್ತಿರಲಿಲ್ಲ. ಸುಮಾರು ನೂರು ವರ್ಷ ಹಿಂಗೇ ಹೋಯ್ತು, 405ರ ಸುಮಾರಿಗೆ ಮೆಸ್ರೋಪ್ ಮಾಶ್ತೋತ್ಸ್ ಅನ್ನೋ ಸನ್ಯಾಸಿ 36 ಅಕ್ಷರ ಮಾಡಿದ ಮೇಲೇನೇ ಅದು ಮನೆಮನೆಗೆ ಇಳೀತು. ಇವತ್ತಿಗೂ ಅರ್ಮೇನಿಯಾದಲ್ಲಿ ಅದೇ ಲಿಪಿ, ಆಮೇಲೆ ಒಂದೆರಡು ಅಕ್ಷರ ಸೇರಿವೆ ಅಷ್ಟೇ. 863ರಲ್ಲಿ ಸಿರಿಲ್, ಮೆಥೋಡಿಯಸ್ ಅಣ್ಣತಮ್ಮಂದಿರು ಈಗಿನ ಚೆಕ್ ದೇಶದ ಕಡೆಯ ಮೊರಾವಿಯಾಕ್ಕೆ ಹೋದಾಗಲೂ ಸ್ಲಾವ್ ಭಾಷೆಗೆ ಲಿಪಿ ಮಾಡ್ಕೊಂಡೇ ಹೋದ್ರು. ಅದು ಗ್ಲಾಗೊಲಿಟಿಕ್, ಈಗಿನ ರಷ್ಯನ್ನರು ಬರೆಯೋ ಸಿರಿಲಿಕ್ ಅಲ್ಲ. ಸಿರಿಲಿಕ್ ಆಮೇಲೆ ಬಲ್ಗೇರಿಯಾದಲ್ಲಿ ಹುಟ್ಟಿದ್ದು, ಹೆಸರು ಮಾತ್ರ ಸಿರಿಲನದ್ದು.

ಪ್ರಶ್ನೆ: ಸಂತ ಥೋಮ ಭಾರತಕ್ಕೆ ಬಂದಿದ್ದು ಹೌದಾ, ಕಟ್ಟುಕಥೆನಾ? ಹೌದು ಅಥವಾ ಇಲ್ಲ ಅಂತ ಹೇಳಿ.

ಉತ್ತರ: ಹಂಗೆ ಕಟ್ಟಿ ಕೂರಿಸಬೇಡಿ! ಥೋಮ ಏಸುವಿನ ಹನ್ನೆರಡು ಶಿಷ್ಯರಲ್ಲಿ ಒಬ್ಬ, ಕೇರಳದ ಕ್ರೈಸ್ತರ ಪರಂಪರೆ ಪ್ರಕಾರ ಕ್ರಿ.ಶ. 52ರಲ್ಲಿ ಕೊಡುಂಗಲ್ಲೂರು ಕಡೆ ಬಂದಿಳಿದ. ಬರೋದು ಅಸಾಧ್ಯ ಆಗಿರಲಿಲ್ಲ, ಮೆಣಸಿಗೋಸ್ಕರ ರೋಮನ್ ಕಡೆಯ ಹಡಗುಗಳು ಮಾನ್ಸೂನ್ ಗಾಳಿ ಹಿಡಿದು ಮುಜಿರಿಸ್ ಬಂದರಿಗೆ ಬರ್ತಾನೇ ಇದ್ವು. ಮೂರನೇ ಶತಮಾನದ ಒಂದು ಸಿರಿಯಾಕ್ ಕಥೆಯಲ್ಲಿ ಥೋಮ ಹೋಗೋದು ಗೊಂಡೊಫರೆಸ್ ಅನ್ನೋ ರಾಜನ ಹತ್ರ, ಅದು ವಾಯವ್ಯದ ಕಡೆ, ಆ ರಾಜನೇ ಕಲ್ಪನೆ ಅಂದ್ಕೊಂಡಿದ್ರು, 19ನೇ ಶತಮಾನದಲ್ಲಿ ಅವನ ನಾಣ್ಯಗಳು ಸಿಕ್ವು. ಅದರಿಂದ ರಾಜ ನಿಜ ಅಂತಾಯ್ತೇ ಹೊರತು ಥೋಮ ಬಂದ ಅಂತ ಆಗಲ್ಲ. ಗಟ್ಟಿ ಸಾಕ್ಷಿ ಬೇಕಂದ್ರೆ ಆರನೇ ಶತಮಾನಕ್ಕೆ ಬರಬೇಕು, ಕಾಸ್ಮಾಸ್ ಅನ್ನೋ ಅಲೆಕ್ಸಾಂಡ್ರಿಯಾದ ವ್ಯಾಪಾರಿ, ಮೆಣಸು ಬೆಳೆಯೋ 'ಮಾಲೆ'ಯಲ್ಲಿ ಕ್ರೈಸ್ತರಿದ್ದಾರೆ, 'ಕಲ್ಲಿಯಾನ'ದಲ್ಲಿ ಪರ್ಷಿಯಾದಿಂದ ನೇಮಕ ಆದ ಬಿಷಪ್ ಇದ್ದಾನೆ ಅಂತ ಬರೀತಾನೆ. ಅದು ಮುಂಬೈ ಹತ್ತಿರದ ಕಲ್ಯಾಣ ಅಂತ ಹೆಚ್ಚಿನವರು, ಅಲ್ಲ ನಮ್ಮ ಉಡುಪಿ ಪಕ್ಕದ ಕಲ್ಯಾಣಪುರ ಅನ್ನೋರೂ ಇದ್ದಾರೆ. ದಯವಿಟ್ಟು ಆ ಜಗಳಕ್ಕೆ ನನ್ನ ಎಳೀಬೇಡಿ.

ಪ್ರಶ್ನೆ: ಚೀನಾಕ್ಕೆ?

ಉತ್ತರ: ಹೋಗಿದ್ರು, 635ರಲ್ಲಿ ಅಲೊಪೆನ್ ಅನ್ನೋನು ರೇಷ್ಮೆ ದಾರಿ ಹಿಡಿದು, ಆಗ ಚೀನಾ ಆಳ್ತಿದ್ದ ಟಾಂಗ್ ರಾಜವಂಶದ ರಾಜಧಾನಿಗೆ. 781ರ ಕಲ್ಲಿನ ಶಾಸನ ಷಿಆನ್ ಮ್ಯೂಸಿಯಮ್ಮಲ್ಲಿ ಈಗಲೂ ನಿಂತಿದೆ, ಚೀನೀ ಅಕ್ಷರದ ಜೊತೆ ಸಿರಿಯಾಕ್‌ನಲ್ಲೂ ಹೆಸರುಗಳಿವೆ. 845ರಲ್ಲಿ ಚಕ್ರವರ್ತಿ ಬೌದ್ಧ ಮಠಗಳ ಮೇಲೆ ಬಿದ್ದಾಗ ಇವರೂ ಅದರಲ್ಲೇ ಕೊಚ್ಚಿ ಹೋದ್ರು.

ಪ್ರಶ್ನೆ: ಆ ಉಲ್ಫಿಲಾಸ್ ಬೈಬಲ್ ಈಗ ಎಲ್ಲಾದ್ರೂ ನೋಡೋಕೆ ಸಿಗುತ್ತಾ? (ಆಫೀಸಲ್ಲಿ ಈ ಉತ್ತರಗಳನ್ನ ಟೈಪ್ ಮಾಡಿದ ಹುಡುಗನ ಪ್ರಶ್ನೆ, ಇದನ್ನೂ ಸೇರಿಸಿ ಅಂದ)

ಉತ್ತರ: ಅವನ ಕೈಬರಹ ಇಲ್ಲ. ಆ ಅನುವಾದದ ಆರನೇ ಶತಮಾನದ ಒಂದು ಪ್ರತಿ ಸ್ವೀಡನ್ನಿನ ಉಪ್ಸಾಲಾ ಯೂನಿವರ್ಸಿಟಿ ಲೈಬ್ರರಿಯಲ್ಲಿದೆ, ನೇರಳೆ ಬಣ್ಣದ ಚರ್ಮದ ಹಾಳೆ ಮೇಲೆ ಬೆಳ್ಳಿ ಚಿನ್ನದ ಶಾಯಿ, 187 ಹಾಳೆ ಅಲ್ಲಿ ಉಳಿದಿವೆ. 1995ರಲ್ಲಿ ಹಗಲು ಹೊತ್ತಲ್ಲೇ ಅದರ ಒಂದೆರಡು ಹಾಳೆ ಮತ್ತು ಬೆಳ್ಳಿ ರಟ್ಟನ್ನ ಕದ್ಕೊಂಡು ಹೋಗಿದ್ರು, ಒಂದು ತಿಂಗಳಾದ ಮೇಲೆ ಸ್ಟಾಕ್‌ಹೋಮ್ ರೈಲ್ವೆ ಸ್ಟೇಷನ್ನಿನ ಲಾಕರ್ ಒಳಗೆ ಸಿಕ್ತು.