ಚೀಟಿ ಬೇಡ, ಬಿಲ್ ಕೇಳಿ

ಓದುಗರ ಪತ್ರ

ಮಾನ್ಯ ಸಂಪಾದಕರೇ,

ನಾನು ಚಿಕ್ಕಮಗಳೂರಿನಲ್ಲಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಇದೇ ಊರಿನ ವಿಜಯಪುರದ ಕಡೆ ಒಂದು ಮನೆಯ ಮಹಡಿಯಲ್ಲಿ ಅಮ್ಮನ ಜೊತೆ ಬಾಡಿಗೆಗೆ ಇದ್ದೇನೆ. ಬಾಡಿಗೆ 8,500. ಕೆಳಗೆ ಓನರ್ ಅಂಕಲ್, ಆಂಟಿ ಇದ್ದಾರೆ. ಕರೆಂಟಿಗೆ ಯೂನಿಟ್‌ಗೆ 10 ರೂಪಾಯಿ ಲೆಕ್ಕ ಹಾಕಿ ಪ್ರತಿ ತಿಂಗಳು ಅಂಕಲ್ ಚೀಟಿ ಬರೆದು ಕೊಡುತ್ತಾರೆ. ಮೆಸ್ಕಾಂ ಬಿಲ್ ಒಮ್ಮೆಯೂ ತೋರಿಸಿಲ್ಲ. ಈ ತಿಂಗಳ ಚೀಟಿಯಲ್ಲಿ 90 ಯೂನಿಟ್‌ಗೆ 900, ಮೀಟರ್ ಡಿಪಾಸಿಟ್ 1,900, ಹಿಂದಿನವರ ಹಳೇ ಬಾಕಿ 2,340, ಮನೆ ಕಂದಾಯದಲ್ಲಿ ಅರ್ಧ 2,600, ಜೊತೆಗೆ ಎರಡೂ ಮನೆಯ ನೀರಿನ ಬಿಲ್ ಅಂತ ಇದೆ. ಕೊಡದಿದ್ದರೆ ನೀರು ನಿಲ್ಲಿಸುತ್ತಾರಂತೆ. ಗೃಹಜ್ಯೋತಿ ಕೇಳಿದರೆ "ಹಿಂದಿನವರ ಆಧಾರ್ ಇದೆ, ನಿಮಗೆ ಬರಲ್ಲ" ಅಂದರು. ಅಗ್ರಿಮೆಂಟಿನಲ್ಲಿ "ಲೈಟ್ ಮತ್ತು ನೀರಿನ ಬಿಲ್ ಬಾಡಿಗೆದಾರರದ್ದು" ಅಂತ ಒಂದೇ ಸಾಲು. ಬಾಡಿಗೆಯನ್ನೇ ನಿಲ್ಲಿಸಿಬಿಡೋಣ ಅನ್ನಿಸಿದೆ. ಖಾಲಿ ಮಾಡುವಾಗ ಬಣ್ಣಕ್ಕೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರಂತೆ. ಅದೂ ಸರಿಯಾ?

(ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ

ಮೊದಲು ಒಂದು ಮಾತು. ಬಾಡಿಗೆ ನಿಲ್ಲಿಸಬೇಡಿ. ಈಗ ನ್ಯಾಯ ನಿಮ್ಮ ಕಡೆ ಜಾಸ್ತಿ ಇದೆ. ಬಾಡಿಗೆ ನಿಲ್ಲಿಸಿದ ದಿನ ಅದು ಅವರ ಕಡೆ ಹೋಗುತ್ತದೆ. ಚೀಟಿಯಲ್ಲಿ ತಕರಾರು ಇರುವುದು ಕೆಲವು ಬಾಬ್ತಿಗೆ ಮಾತ್ರ, 8,500ಕ್ಕೆ ಅಲ್ಲ. ಅದನ್ನು ತಾರೀಖಿಗೆ ಸರಿಯಾಗಿ, ಬ್ಯಾಂಕ್ ಮೂಲಕವೋ ಫೋನ್‌ಪೇಯಲ್ಲೋ ಹಾಕಿ. ಯಾವ ತಿಂಗಳ ಬಾಡಿಗೆ ಅಂತ ಬರೆದೇ ಹಾಕಿ. ಕೈಯಲ್ಲಿ ಕ್ಯಾಶ್ ಕೊಟ್ಟು ರಸೀದಿ ಇಲ್ಲದೆ ಬರುವುದು ಇವತ್ತಿಗೇ ಸಾಕು.

ಈಗ ಕರೆಂಟ್. ಪತ್ರ ಓದುತ್ತಿದ್ದಂತೆ ನನಗೂ "ಯೂನಿಟ್‌ಗೆ ಹತ್ತು ರೂಪಾಯಿ ಅಂದ್ರೆ ಸುಲಿಗೆ" ಅನ್ನಿಸಿತು. ಆಮೇಲೆ ಲೆಕ್ಕ ಹಾಕಿ ನೋಡಿದೆ. 2025-26ರ ದರದಲ್ಲಿ ಮನೆ ಬಳಕೆಯ ಕರೆಂಟ್ ಯೂನಿಟ್‌ಗೆ 5 ರೂಪಾಯಿ 80 ಪೈಸೆ. 90 ಯೂನಿಟ್‌ಗೆ 522. ಅದರ ಮೇಲೆ ಶೇ. 9 ತೆರಿಗೆ, ಸುಮಾರು 47. ವಿದ್ಯುತ್ ನೌಕರರ ಪಿಂಚಣಿಗೆ ಅಂತ ಯೂನಿಟ್‌ಗೆ 36 ಪೈಸೆಯ ಸರ್ಚಾರ್ಜ್, 32 ರೂಪಾಯಿ ಚಿಲ್ಲರೆ. ಇದಲ್ಲದೆ ನಿಗದಿತ ಶುಲ್ಕ ಅಂತ ಒಂದಿದೆ. ನೀವು ಸ್ವಿಚ್ಚೇ ಹಾಕದಿದ್ದರೂ ಮಂಜೂರಾದ ಲೋಡಿಗೆ ಕಿಲೋವ್ಯಾಟ್‌ಗೆ 145 ರೂಪಾಯಿ. ನಿಮ್ಮ ಮೀಟರ್ 2 ಕಿಲೋವ್ಯಾಟಿನದ್ದಾಗಿದ್ದರೆ 290. ಎಲ್ಲ ಕೂಡಿಸಿದರೆ 890ರ ಆಸುಪಾಸು ಬರುತ್ತದೆ. ಅಂಕಲ್ ಕೇಳಿದ್ದು 900. ಹತ್ತು ರೂಪಾಯಿ ಹೆಚ್ಚುಕಮ್ಮಿ, ಅಷ್ಟೇ. ಲೋಡ್ 1 ಕಿಲೋವ್ಯಾಟ್ ಆದರೆ 745ರ ಹತ್ತಿರ. ಆಗಲೂ ದರೋಡೆ ಅನ್ನುವಷ್ಟಿಲ್ಲ.

ಹಾಗಾದರೆ ತೊಂದರೆ ಎಲ್ಲಿದೆ? ಹಿಂದಿನವರ ಆಧಾರ್ ಇನ್ನೂ ಇದೆ ಎಂಬ ಅವರ ಮಾತಿನಲ್ಲಿದೆ.

2023ರ ಆಗಸ್ಟ್‌ನಿಂದ ಸೊನ್ನೆ ಬಿಲ್ ಶುರುವಾಯಿತಲ್ಲ, ಆ ಗೃಹಜ್ಯೋತಿಯ ಲೆಕ್ಕ ಹೀಗಿತ್ತು. 2022-23ರಲ್ಲಿ ಆ ಮೀಟರಿನಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಓಡಿದೆ ಎಂದು ನೋಡಿ, ಅದಕ್ಕೆ ಶೇ. 10 ಸೇರಿಸುತ್ತಾರೆ. ಅಷ್ಟರವರೆಗೆ ಬಿಲ್ ಇಲ್ಲ. ಅದಕ್ಕಿಂತ ಜಾಸ್ತಿಯಾಗಿ 200ರ ಒಳಗಿದ್ದರೆ ಜಾಸ್ತಿಯಾದದ್ದಕ್ಕೆ ಮಾತ್ರ ದುಡ್ಡು. 200 ದಾಟಿತೋ, ಪೂರ್ತಿ ಬಿಲ್. ಈಗ ಯೋಚಿಸಿ. ಹಿಂದಿನವರ ಆಧಾರ್ ಆ ಮೀಟರಿಗೆ ಇನ್ನೂ ಜೋಡಣೆಯಾಗಿದ್ದರೆ, ಸವಲತ್ತು ನಿಂತಿದೆ ಅಂತಲ್ಲ. ಅದು ಆ ಮೀಟರಿಗೆ ಬರುತ್ತಲೇ ಇರಬಹುದು. ಮೆಸ್ಕಾಂನಿಂದ ಸೊನ್ನೆ ಬಿಲ್, ನಿಮಗೆ 900ರ ಚೀಟಿ. ಹೀಗೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ನೀವೂ ಅಂಕಲ್ ಮುಂದೆ ಹಾಗೆ ಹೇಳಬೇಡಿ. ಬಿಲ್ ನೋಡಿ, ಆಮೇಲೆ ಮಾತಾಡಿ.

ಬಿಲ್ ನೋಡುವುದು ಕಷ್ಟವಲ್ಲ. ಹಳೆಯದೊಂದು ಬಿಲ್ ಸಿಕ್ಕರೂ ಅದರಲ್ಲಿ ಆರ್.ಆರ್. ನಂಬರ್ (ಅಂದರೆ ಕನೆಕ್ಷನ್ನಿನ ನಂಬರ್), ಅಕೌಂಟ್ ಐಡಿ ಎರಡೂ ಇರುತ್ತವೆ. ಐಡಿ ಹಾಕಿದರೆ ಬಾಕಿ ಎಷ್ಟಿದೆ ಎಂದು ಫೋನಿನಲ್ಲೇ ಕಾಣುತ್ತದೆ. ಸಿಗದಿದ್ದರೆ ಮೀಟರ್ ರೀಡರ್ ಬರುವ ದಿನ ನೀವೋ ಅಮ್ಮನೋ ಕೆಳಗಿದ್ದರೆ ಸಾಕು. ಬಿಲ್ ಅಲ್ಲೇ ಹರಿದು ಕೊಡುತ್ತಾರೆ. "ಅಂಕಲ್, ಇನ್ನು ಮೇಲೆ ಬಿಲ್ ನಾನೇ ಕಟ್ಟುತ್ತೇನೆ, ನಿಮಗ್ಯಾಕೆ ತೊಂದರೆ" ಅಂದು ನೋಡಿ. ಲೆಕ್ಕ ನೆಟ್ಟಗಿರುವವರು ಇದಕ್ಕೆ ಬೇಡ ಅನ್ನುವುದಿಲ್ಲ.

ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ಮೀಟರ್ ಓನರ್ ಹೆಸರಿನಲ್ಲಿದ್ದರೂ ಪರವಾಗಿಲ್ಲ. ನೀವು ಆ ಮನೆಯಲ್ಲಿ ವಾಸವಿದ್ದೀರಿ ಅನ್ನುವುದಕ್ಕೆ ಅಗ್ರಿಮೆಂಟ್ ಇದ್ದರೆ ರಾಜ್ಯ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ನಿಮ್ಮ ಆಧಾರ್ ಕೊಟ್ಟು ನೋಂದಾಯಿಸಬಹುದು. ಹಳೆಯವರ ಜೋಡಣೆ ತೆಗೆಸಲು ಡಿ-ಲಿಂಕ್ ಅನ್ನುವ ವ್ಯವಸ್ಥೆಯನ್ನೂ ತಂದಿದ್ದಾರೆ. ಹಿಂದಿನವರ ನಂಬರ್ ಆಂಟಿ ಹತ್ತಿರ ಇದ್ದೇ ಇರುತ್ತದೆ, ಕೇಳಿ. ಡಿ-ಲಿಂಕ್ ಮಾಡಿದರೆ ಅವರಿಗೂ ಲಾಭ. ಒಂದು ಆಧಾರಿಗೆ ಒಂದೇ ಮೀಟರ್ ಆದ್ದರಿಂದ, ಇಲ್ಲಿಂದ ಬಿಡಿಸಿಕೊಳ್ಳದೆ ಹೊಸ ಮನೆಯಲ್ಲಿ ಅವರಿಗೂ ಸಿಗುವುದಿಲ್ಲ.

ಮಳೆಗಾಲದ ಬಗ್ಗೆ ಒಂದು ಮಾತು, ನಿಮ್ಮೂರಿಗೆ ಇದು ಬೇಕೇ ಬೇಕು. ಜೂನ್ ಬಂತೆಂದರೆ ಚಿಕ್ಕಮಗಳೂರಿನಲ್ಲಿ ಸೋಲಾರ್ ನೀರು ಬೆಚ್ಚಗೂ ಆಗುವುದಿಲ್ಲ. ಗೀಸರ್ ಶುರು. 2 ಕಿಲೋವ್ಯಾಟಿನ ಗೀಸರ್ ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ಬಟ್ಟೆ ಒಣಗಲ್ಲ ಅಂತ ಇಸ್ತ್ರಿ ಪೆಟ್ಟಿಗೆಯನ್ನೂ ಜಾಸ್ತಿ ಬಳಸುತ್ತೀರಿ. ಬೇಸಿಗೆಯ 90 ಮಳೆಗಾಲದಲ್ಲಿ 160 ಆದರೆ ಅದಕ್ಕೆ ಅಂಕಲ್ ಮೇಲೆ ಅನುಮಾನ ಪಡಬೇಡಿ.

ಇನ್ನು 1,900ರ ಡಿಪಾಸಿಟ್. ಚೀಟಿಯಲ್ಲಿ ಅತಿ ತಪ್ಪಾದ ಸಾಲು ಅಂದರೆ ನನ್ನ ಪ್ರಕಾರ ಇದೇ, ಆದರೆ ಹೆಚ್ಚಿನ ಬಾಡಿಗೆದಾರರು ಮಾತಿಲ್ಲದೆ ಕೊಟ್ಟುಬಿಡುತ್ತಾರೆ. ಕರೆಂಟ್ ಕಂಪನಿಯವರು ಸುಮಾರು ಎರಡು ತಿಂಗಳ ಸರಾಸರಿ ಬಿಲ್ಲಿನಷ್ಟು ಹಣವನ್ನು ಭದ್ರತಾ ಠೇವಣಿಯಾಗಿ ಇಟ್ಟುಕೊಳ್ಳುತ್ತಾರೆ. ಬಳಕೆ ಏರಿದರೆ ಹೆಚ್ಚುವರಿ ಠೇವಣಿ ಕೇಳಿ ನೋಟಿಸ್ ಬರುತ್ತದೆ. ಈ ದುಡ್ಡು ಖರ್ಚಾಗುವುದಿಲ್ಲ. ಮೀಟರ್ ಯಾರ ಹೆಸರಿನಲ್ಲಿದೆಯೋ ಅವರ ಖಾತೆಯಲ್ಲಿ ಉಳಿಯುತ್ತದೆ. ವರ್ಷಕ್ಕೊಮ್ಮೆ ಅದರ ಬಡ್ಡಿಯೂ ಬಿಲ್ಲಿಗೆ ಜಮೆಯಾಗುತ್ತದೆ. ನಾಳೆ ಕನೆಕ್ಷನ್ ವಾಪಸ್ ಮಾಡಿದರೆ ಓನರ್ ಕೈಗೆ ಬರುತ್ತದೆ, ನಿಮ್ಮ ಕೈಗಲ್ಲ. ಅಂದ ಮೇಲೆ ನೀವು ಕಟ್ಟುವುದು ಯಾವ ಲೆಕ್ಕ? "ನಿಮ್ಮಿಂದಲೇ ಬಳಕೆ ಜಾಸ್ತಿ ಆಯ್ತು" ಅಂತ ಅವರು ಹಟ ಹಿಡಿದರೆ, ಕೊಡಿ. ಆದರೆ ಅಡ್ವಾನ್ಸಿಗೆ ಸೇರಿಸಿ ಅಗ್ರಿಮೆಂಟ್ ಹಿಂಬದಿ ಬರೆಸಿಕೊಳ್ಳಿ. ಬಿಡುವಾಗ ವಾಪಸ್ ಬರಬೇಕು.

ಹಿಂದಿನವರ ಬಾಕಿ 2,340 ನಿಮ್ಮದಲ್ಲ. ಅವರು ಬಿಡುವಾಗ ಅಡ್ವಾನ್ಸ್ ಓನರ್ ಕೈಯಲ್ಲೇ ಇತ್ತು. ಅದರಲ್ಲಿ ಹಿಡಿಯಬೇಕಿತ್ತು. ಆದರೂ ಇಲ್ಲಿ ಅಂಕಲ್ ಕಷ್ಟವನ್ನೂ ಹೇಳಿಬಿಡುತ್ತೇನೆ. ಒಂದು ಮಹಡಿಯ ಬಾಡಿಗೆಯನ್ನೇ ಪಿಂಚಣಿಯ ಹಾಗೆ ನೆಚ್ಚಿಕೊಂಡ ಹಿರಿಯರು ನಿಮ್ಮೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಬಾಡಿಗೆದಾರ ಬಿಲ್ ಕಟ್ಟದೆ ರಾತ್ರೋರಾತ್ರಿ ಹೋದರೆ, ಮೆಸ್ಕಾಂನವರು ಅವನನ್ನು ಹುಡುಕಿಕೊಂಡು ಹೋಗುವುದಿಲ್ಲ. ಬಾಕಿ ಆರ್.ಆರ್. ನಂಬರಿಗೆ ಅಂಟಿಕೊಂಡೇ ಇರುತ್ತದೆ. 15 ದಿನದ ನೋಟಿಸ್ ಕೊಟ್ಟು ಲೈನ್ ಕಟ್ ಮಾಡುವ ಅಧಿಕಾರ 2003ರ ವಿದ್ಯುತ್ ಕಾಯ್ದೆಯಲ್ಲಿದೆ. ಮನೆ ಮಾರಿದರೂ ಬಾಕಿ ಬಿಡುವುದಿಲ್ಲ. ನಿಯಮದಲ್ಲಿ ಅವಕಾಶ ಇದ್ದರೆ ಹಳೇ ಮಾಲೀಕರ ಬಾಕಿಯನ್ನು ಹೊಸಬರಿಂದ ಕೇಳಬಹುದು ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಅವರ ಭಯ ಸುಳ್ಳಲ್ಲ, ಆ ಭಯವನ್ನು ನಿಮ್ಮ ಮೇಲೆ ಹಾಕಿದ್ದು ತಪ್ಪು. ನೀವು ಬಂದ ದಿನ ಮೀಟರ್ ರೀಡಿಂಗ್ ಎಷ್ಟಿತ್ತು, ಫೋಟೊ ತೆಗೆದಿದ್ದೀರಾ? ಇಲ್ಲದಿದ್ದರೆ ಇವತ್ತೇ ಒಂದು ತೆಗೆದು ಅಂಕಲ್‌ಗೆ ವಾಟ್ಸಾಪ್ ಮಾಡಿ.

ಮನೆ ಕಂದಾಯಕ್ಕೆ ಬರೋಣ. ನಗರಸಭೆ ಕಂದಾಯ ಹಾಕುವುದು ಜಾಗಕ್ಕೆ ಮತ್ತು ಕಟ್ಟಡಕ್ಕೆ, ಅದರಲ್ಲಿ ಎಷ್ಟು ಜನ ಇದ್ದಾರೆ ಎಂದು ನೋಡಿ ಅಲ್ಲ. ಅದನ್ನು ಕಟ್ಟಿದ ರಸೀದಿ ಉಪಯೋಗಕ್ಕೆ ಬರುವುದು ಖಾತೆಗೆ, ಬ್ಯಾಂಕ್ ಸಾಲಕ್ಕೆ, ಮಾರಾಟಕ್ಕೆ. ಈ ಮೂರರಲ್ಲಿ ಒಂದೂ ನಿಮಗೆ ಸಿಗುವುದಿಲ್ಲ. ಅದರ ಜೊತೆ ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ ಅಂತ ಬರುತ್ತವೆ. (ಗ್ರಂಥಾಲಯಕ್ಕೆ ನಾವು ಕೊಡುವುದು ಶೇ. 6. ಊರಿನ ಲೈಬ್ರರಿಗೆ ಹೋಗಿ ನಾಲ್ಕು ಪುಸ್ತಕ ತಂದು ಓದಿದರೆ ವಸೂಲಾದ ಹಾಗೆ.) ಅವೂ ಮಾಲೀಕರದ್ದೇ. ಏಪ್ರಿಲ್ ತಿಂಗಳೊಳಗೆ ಕಟ್ಟಿದವರಿಗೆ ಶೇ. 5 ರಿಯಾಯಿತಿ, ಜುಲೈ ಬಂದರೆ ತಿಂಗಳಿಗೆ ಶೇ. 2 ದಂಡ. ಅಂಕಲ್ ಕೇಳುತ್ತಿರುವ 2,600ರಲ್ಲಿ ಆ ದಂಡವೂ ಸೇರಿದೆಯಾ ಅಂತ ನನಗೆ ಸಣ್ಣ ಗುಮಾನಿ. ರಸೀದಿ ನೋಡಿದರೆ ಗೊತ್ತಾಗುತ್ತದೆ.

ಆದರೆ ಕಾನೂನು ಇಲ್ಲೊಂದು ಬಾಗಿಲು ತೆರೆದಿಟ್ಟಿದೆ. ರಾಜ್ಯದ 1999ರ ಬಾಡಿಗೆ ಕಾಯ್ದೆ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500, ಉಳಿದ ಕಡೆ 2,000 ಮೀರಿದ ಬಾಡಿಗೆ ಮನೆಗಳಿಗೆ ಅನ್ವಯಿಸುವುದಿಲ್ಲ. ಇವತ್ತು 2,000ಕ್ಕೆ ಚಿಕ್ಕಮಗಳೂರಿನಲ್ಲಿ ಒಂದು ಕಾರ್ ಶೆಡ್ ಸಿಕ್ಕರೆ ಹೆಚ್ಚು. ಹಾಗಾಗಿ ನಿಮ್ಮ ವಿಷಯ 1882ರ ಸ್ವತ್ತು ವರ್ಗಾವಣೆ ಕಾಯ್ದೆಗೆ ಹೋಗುತ್ತದೆ. ಅದರ 108ನೇ ಕಲಂ ಮಾಲೀಕರ, ಬಾಡಿಗೆದಾರರ ಹೊಣೆಗಳನ್ನು ಹೇಳುತ್ತದೆ. ಆದರೆ ಶುರುವಿನಲ್ಲೇ ಒಂದು ಷರತ್ತು: ಕರಾರು ಅಥವಾ ಊರಿನ ರೂಢಿ ಬೇರೆ ಇಲ್ಲದಿದ್ದರೆ ಮಾತ್ರ. ಅಂದರೆ ಅಗ್ರಿಮೆಂಟಿನಲ್ಲಿ "ಅರ್ಧ ಕಂದಾಯ ಬಾಡಿಗೆದಾರರದ್ದು" ಅಂತ ನೀವು ಸಹಿ ಹಾಕಿದ್ದರೆ ಕೊಡಬೇಕಾಗುತ್ತಿತ್ತು. ನಿಮ್ಮದರಲ್ಲಿ ಲೈಟ್, ನೀರು ಅಷ್ಟೇ ಇದೆ. ಕೋರ್ಟ್ ಹತ್ತಿರ ಟೈಪ್ ಮಾಡುವವರು ಹಳೇ ಪತ್ರದಲ್ಲಿ ಹೆಸರು ಮಾತ್ರ ಬದಲಾಯಿಸಿ ಕೊಡುತ್ತಾರೆ ಅಂತ ನಾವು ಬೈಯುತ್ತೇವೆ. ಈ ಸಲ ಆ ಒಂದು ಸಾಲೇ ನಿಮ್ಮನ್ನು ಉಳಿಸಿದೆ. ಮುಂದಿನ 11 ತಿಂಗಳಿಗೆ ಹೊಸದು ಮಾಡುವಾಗ ಓದದೆ ಸಹಿ ಹಾಕಬೇಡಿ.

ಅದೇ 108ನೇ ಕಲಂನಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ಅನುಕೂಲವಿದೆ. ಮಾಲೀಕರು ಕಟ್ಟಬೇಕಾದ ಹಣ ಕಟ್ಟದೆ, ಅದು ಬಾಡಿಗೆದಾರರಿಂದಲೋ ಆ ಸ್ವತ್ತಿನಿಂದಲೋ ವಸೂಲಾಗುವಂಥದ್ದಾಗಿದ್ದರೆ, ಬಾಡಿಗೆದಾರರು ತಾವೇ ಕಟ್ಟಿ ಬಡ್ಡಿ ಸಮೇತ ಬಾಡಿಗೆಯಲ್ಲಿ ಕಳೆಯಬಹುದು. ನಾಳೆ ಆ 2,340ಕ್ಕೆ ಲೈನ್ ಕಟ್ ಮಾಡಲು ಬಂದರೆ ಕತ್ತಲಲ್ಲಿ ಕೂರಬೇಡಿ. ಕಟ್ಟಿ, ರಸೀದಿ ಇಟ್ಟುಕೊಂಡು, ಮೊದಲೇ ಬರೆದು ತಿಳಿಸಿ ಮುಂದಿನ ಬಾಡಿಗೆಯಲ್ಲಿ ಹಿಡಿಯಿರಿ.

ನೀರಿನ ಬಿಲ್ ನಿಮ್ಮದು, ಅಗ್ರಿಮೆಂಟ್ ಹಾಗೇ ಹೇಳುತ್ತದೆ. ಆದರೆ ಯಗಚಿಯಿಂದಲೋ ಹಿರೇಕೊಳಲೆ ಕೆರೆಯಿಂದಲೋ ಬಂದ ನೀರು ಒಂದೇ ಸಂಪಿಗೆ ಬಿದ್ದು ಎರಡು ಮನೆಗೂ ಏರುತ್ತಿದ್ದರೆ ಪೂರ್ತಿ ನಿಮ್ಮದು ಹೇಗಾಗುತ್ತದೆ? ತಲೆ ಲೆಕ್ಕ ಹಾಕಿ ಹಂಚಿಕೊಳ್ಳಿ. ಅವರಿಬ್ಬರು, ನೀವಿಬ್ಬರು, ಅರ್ಧರ್ಧ. ಮೋಟರ್ ಯಾರ ಮೀಟರಿನಲ್ಲಿ ಓಡುತ್ತಿದೆ ಅನ್ನುವುದನ್ನೂ ನೋಡಿ. ನಿಮ್ಮದರಲ್ಲಿ ಓಡುತ್ತಿದ್ದರೆ ನಿಮ್ಮ 90 ಯೂನಿಟ್‌ನಲ್ಲಿ ಅವರ ಸ್ನಾನದ ನೀರೂ ಸೇರಿದೆ! ಕಸದ ಶುಲ್ಕ ತಿಂಗಳಿಗೆ ಬೇರೆಯಾಗಿ ಬಂದರೆ ಕೊಟ್ಟುಬಿಡಿ. ಕಸ ನಿಮ್ಮದು ತಾನೆ.

ನೀರು ನಿಲ್ಲಿಸುವ ಬೆದರಿಕೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಬಾಡಿಗೆ ಕೊಡುವವರು ಅಡಚಣೆಯಿಲ್ಲದೆ ಮನೆಯಲ್ಲಿರುವ ಹಕ್ಕು ಆ 108ರಲ್ಲೇ ಇದೆ. ನಿಮ್ಮನ್ನು ಬಿಡಿಸಬೇಕೆಂದಿದ್ದರೆ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್ ಅಂತ ಕಾನೂನಿದೆ, ಅಗ್ರಿಮೆಂಟಿನಲ್ಲಿ ಬೇರೆ ಇದ್ದರೆ ಅದು. ಗೇಟ್ ವಾಲ್ವ್ ತಿರುಗಿಸಿ ಖಾಲಿ ಮಾಡಿಸುವಂತಿಲ್ಲ. ಕರೆಂಟಿನ ಬಗ್ಗೆ ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಅದು ಮೂಲ ಸೌಕರ್ಯ, ಮಾಲೀಕರು ಒಪ್ಪಿಗೆ ಪತ್ರ ಕೊಡಲಿಲ್ಲ ಅಂತ ಬಾಡಿಗೆದಾರರಿಗೆ ನಿರಾಕರಿಸುವಂತಿಲ್ಲ. ನೀರು ನಿಜವಾಗಿ ನಿಂತರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. ಅಲ್ಲಿಂದ ಒಂದು ಪತ್ರ ಹೋದರೇ ಎಷ್ಟೋ ವಾಲ್ವ್‌ಗಳು ತಾವಾಗಿ ತೆರೆದುಕೊಳ್ಳುತ್ತವೆ.

ಅಷ್ಟು ದೂರ ಹೋಗುವ ಮುಂಚೆ ಆಂಟಿ ಹತ್ತಿರ ಮಾತಾಡಿ. ಅಮ್ಮನನ್ನು ಕಳಿಸಿದರೆ ಇನ್ನೂ ಒಳ್ಳೆಯದು. ಈ ತಿಂಗಳು ನೀವು ಕೊಡಬೇಕಾದದ್ದು ಬಾಡಿಗೆ, ಮೆಸ್ಕಾಂ ಬಿಲ್ಲಿನಲ್ಲಿ ಈ ತಿಂಗಳಿಗೆ ಇರುವಷ್ಟು ಮೊತ್ತ, ನೀರಿನ ಅರ್ಧ. ಇಷ್ಟನ್ನು ಹಾಕಿ, ಉಳಿದ ಸಾಲುಗಳಿಗೆ ರಸೀದಿ ತೋರಿಸಿ ಅಂಕಲ್ ಅಂತ ಮರ್ಯಾದೆಯಿಂದ ಒಂದು ಮೆಸೇಜ್ ಬರೆಯಿರಿ.

ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ನಮ್ಮ ಊರುಗಳ ರೂಢಿ. ವಾಸ ಮಾಡಿದ ಮನೆ ಸಹಜವಾಗಿ ಸವೆಯುವುದಕ್ಕೆ ಬಾಡಿಗೆದಾರರು ದಂಡ ಕಟ್ಟಬೇಕಿಲ್ಲ. ಮೊಳೆ ಹೊಡೆದು ಗೋಡೆ ಕಿತ್ತಿದ್ದರೆ ಕಟ್ಟಬೇಕು. ಆದರೆ ರೂಢಿಗೂ ಕಾನೂನಿನಲ್ಲಿ ಜಾಗ ಇದೆ ಅಂದೆನಲ್ಲ, ಹಾಗಾಗಿ ಇದರ ಮೇಲೆ ಜಗಳ ಕಷ್ಟ. ಹೊಸ ಅಗ್ರಿಮೆಂಟಿನಲ್ಲಿ "ಮೂರು ವರ್ಷದೊಳಗೆ ಬಿಟ್ಟರೆ ಅರ್ಧ ತಿಂಗಳು" ಅಂತ ಚೌಕಾಸಿ ಮಾಡಿ. ಮಲೆನಾಡಿನ ಮಳೆಗೆ ಹೊರಗೋಡೆ ಪಾಚಿ ಕಟ್ಟಿದರೆ ಅದು ನಿಮ್ಮ ಲೆಕ್ಕಕ್ಕೆ ಬರಬಾರದು, ಅದನ್ನೂ ಬರೆಸಿ.